ಗುತ್ತೂರು ಶ್ವಾನದ ಪರದೇಶವಾಸ: ಒಂದು ಮೀಮಾಂಸೆ

1. ವಿಷಯ ನಿರ್ದೇಶ

ಹರಿಹರಕ್ಕೆ ಅಂಟಿಕೊಂಡ ಗುತ್ತೂರಿನ ಮನೆಯೊಂದರಿಂದ ಮಗ, ಸೊಸೆ, ಮೊಮ್ಮಗಳು ಬರ್ಲಿನ್ನಿಗೆ ಹೊರಟು, ಜೊತೆಗೆ ಸಾಕಿದ ನಾಯಿಯನ್ನೂ ಕರೆದೊಯ್ದರೆ ಅಲ್ಲಿ ಮೊದಲು ಬೇರುಬಿಡುವವರು ಯಾರು? ಲೋಕ ಇದನ್ನು ಇದುವರೆಗೆ ಮಗನ ಸಂಬಳದ ಕಡೆಯಿಂದ ನೋಡಿದೆ. ನಾವು ನಾಯಿಯ ಬಾಲದ ಕಡೆಯಿಂದ ನೋಡುತ್ತೇವೆ. ವಾದದ ಅನುಕೂಲಕ್ಕೆ ನಾಯಿಗೆ ಕರಿಯ ಎಂದು ಹೆಸರಿಡೋಣ. ಮಗನಿಗೆ ಹೆಸರು ಬೇಕಿಲ್ಲ; ಕಾರಣ ಐದನೆಯ ಪ್ರಕರಣದಲ್ಲಿದೆ.

ಸ್ಥಳಮಹಿಮೆಯನ್ನು ಮೊದಲು ಹೇಳುವುದು ಶಾಸ್ತ್ರ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಹರಿಹರದಲ್ಲಿ ಕಟ್ಟಿಸಿದ ಗುಡಿಯೊಳಗೆ ಇರುವುದು ಒಂದೇ ಮೂರ್ತಿ: ಅರ್ಧ ಹರಿ, ಅರ್ಧ ಹರ. ಒಂದೇ ದೇಹಕ್ಕೆ ವೈಕುಂಠ, ಕೈಲಾಸ ಎರಡೂ ವಿಳಾಸ ಇರಬಹುದೆಂದು ಎಂಟುನೂರು ವರ್ಷದ ಹಿಂದೆಯೇ ಒಪ್ಪಿಕೊಂಡ ಸೀಮೆಯಲ್ಲಿ, ಎರಡು ವಿಳಾಸದ ನಾಯಿಯನ್ನು ಕಂಡು ಯಾರೂ ಹುಬ್ಬೇರಿಸಬೇಕಾಗಿಲ್ಲ.

2. ಪೂರ್ವಸೂರಿಗಳು

ಅ) ನಾಯಿಗೆ ಪ್ರವೇಶ ನಿರಾಕರಿಸಿದ ಮೊದಲ ಪ್ರಕರಣ ಮಹಾಭಾರತದ ಕೊನೆಯಲ್ಲಿ ಬರುತ್ತದೆ. ಹಸ್ತಿನಾವತಿಯಿಂದ ಹಿಂದೆಯೇ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬಾ ಎಂದ ಇಂದ್ರನಿಗೆ ಧರ್ಮರಾಯ ಒಲ್ಲೆ ಎಂದ. ಹೆಂಡತಿ, ತಮ್ಮಂದಿರು ದಾರಿಯಲ್ಲಿ ಬಿದ್ದಾಗ ಹಿಂತಿರುಗಿ ನೋಡದವನು ನಾಯಿಗಾಗಿ ವಾಹನ ಹತ್ತದೆ ನಿಂತ. ಕಡೆಗೆ ನಾಯಿಯೇ ಯಮಧರ್ಮ ಎಂದು ಗೊತ್ತಾಗಿ ಕಡತ ಮುಚ್ಚಿತು. ಇಂಥ ಶಿಫಾರಸು ಎಲ್ಲ ನಾಯಿಗೂ ಸಿಗುವುದಿಲ್ಲ.

ಆ) ಗಂಗರ ಬೂತುಗನ ಬೇಟೆನಾಯಿ ಕಾಳಿ. 949ರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ, ಏನು ಬೇಕೆಂದು ಒಡೆಯ ಕೇಳಿದಾಗ, ಈ ನಾಯಿಯನ್ನೇ ಬೇಡಿ ಪಡೆದ. ಕಾಳಿ ಹೊಸ ಮನೆಗೆ ಎಷ್ಟು ಹೊಂದಿಕೊಂಡಿತೆಂದರೆ ಹೊಸ ಒಡೆಯನಿಗಾಗಿ ಹಂದಿಯೊಡನೆ ಕಾದಾಡಿ, ಅದನ್ನೂ ಕೊಂದು ತಾನೂ ಸತ್ತಿತು. ಮಣಲೇರ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದ. ಮುಂದೆ ಆ ಕಲ್ಲೂ ಊರು ಬಿಟ್ಟು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿತು. ಉದ್ಯೋಗ ನಿಮಿತ್ತ ಬೆಂಗಳೂರು ಸೇರುವುದರಿಂದ ಕಲ್ಲೂ ತಪ್ಪಿಸಿಕೊಳ್ಳಲಾರದು ಎಂಬುದು ಇದರಿಂದ ಸಿದ್ಧ.

ಇ) ಮುಧೋಳದ ಘೋರ್ಪಡೆ ಅರಸರು ಬ್ರಿಟನ್ನಿನ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಮುಧೋಳ ನಾಯಿಗಳನ್ನು ಕಾಣಿಕೆ ಕೊಟ್ಟರು. ಆ ತಳಿಗೆ 2005ರಲ್ಲಿ ಭಾರತದ ಅಂಚೆ ಚೀಟಿಯೂ ಬಂತು. ಅಂದರೆ ಮುಧೋಳ ನಾಯಿ ಈಗ ಲಕೋಟೆಯ ಮೇಲೆ ಕೂತು, ರಕ್ತಪರೀಕ್ಷೆಯಿಲ್ಲದೆ, ಯಾವ ದೇಶಕ್ಕಾದರೂ ಹೋಗಬಹುದು.

ಈ) ಗುತ್ತೂರಿನ ಎದುರು ದಂಡೆಯ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮೈಲಾರಲಿಂಗನ ಭಕ್ತರಾದ ವಗ್ಗಯ್ಯಗಳು ದೇವರ ನಾಯಿಗಳಾಗಿ ಬೊಗಳುತ್ತಾರೆ, ದೋಣಿ ಎಂಬ ಪಾತ್ರೆಯಲ್ಲಿ ಎಡೆ ಉಣ್ಣುತ್ತಾರೆ. ಮನುಷ್ಯ ನಾಯಿಯ ಪದವಿಗೆ ಏರುವುದು ಈ ಸೀಮೆಯಲ್ಲಿ ಭಕ್ತಿ. ಈ ಅಂಶವನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

3. ಪ್ರಮಾಣಪತ್ರ ಕಾಂಡ

ಗುತ್ತೂರಿನಲ್ಲಿ ಕರಿಯನ ಜನ್ಮದಾಖಲೆ ಎಂದರೆ ‘ಭದ್ರಾ ಕಾಲುವೆ ನೀರು ಬಿಟ್ಟ ವಾರ ಹುಟ್ಟಿದ್ದು’ ಎಂಬ ಅಜ್ಜಿಯ ಮಾತು. ಯುರೋಪು ಅಜ್ಜಿಯನ್ನು ನಂಬುವುದಿಲ್ಲ. ಹದಿನೈದು ಅಂಕಿಯ ಮೈಕ್ರೋಚಿಪ್ಪು ಚರ್ಮದಡಿ ಕೂರಬೇಕು. ಆಮೇಲೆ ರೇಬೀಸ್ ಲಸಿಕೆ. ಚಿಪ್ಪಿಗೆ ಮುಂಚೆಯೇ ಲಸಿಕೆ ಹಾಕಿಸಿದ್ದರೆ ಅದು ತಾಳಿ ಕಟ್ಟಿದ ಮೇಲೆ ಹೆಣ್ಣು ನೋಡಲು ಹೋದಂತೆ, ಲೆಕ್ಕಕ್ಕಿಲ್ಲ. ಲಸಿಕೆಯಾಗಿ ಮೂವತ್ತು ದಿನ ಕಳೆದ ಮೇಲೆ ರಕ್ತ ತೆಗೆದು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಬೇಕು. ರೋಗನಿರೋಧಕ ಅಂಶ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಮಾನಕ್ಕೆ ಕಡಿಮೆ ಇರಕೂಡದು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಊರಲ್ಲೇ ಕಾಯಬೇಕು. ಕೊನೆಗೆ ಕೇಂದ್ರ ಸರ್ಕಾರದ ಪಶು ಕ್ವಾರಂಟೈನ್ ಕಚೇರಿಯ ಆರೋಗ್ಯಪತ್ರ.

ಈ ಅವಧಿಯಲ್ಲಿ ಕರಿಯ ಮಾಡುವುದೇನು? ಜಗಲಿಯ ಮೇಲೆ ಮಲಗುತ್ತಾನೆ. ನಿದ್ದೆಗೆಡುವವನು ಮಗ. ಆದ್ದರಿಂದ ಪ್ರಯಾಣಿಕ ಯಾರು, ಸಾಮಾನು ಯಾರು ಎಂಬುದು ವಿಮಾನ ಹತ್ತುವ ಮೊದಲೇ ಇತ್ಯರ್ಥವಾಗುತ್ತದೆ.

4. ನಿವಾಸ ಕಾಂಡ

ಬರ್ಲಿನ್ನಿನಲ್ಲಿ ಮನೆ ಹೊಕ್ಕ ಎರಡು ವಾರದೊಳಗೆ ಮನುಷ್ಯರು ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಕರಿಯನ ಹೆಸರಿಗೆ ವರ್ಷಕ್ಕೆ 120 ಯೂರೋ ನಾಯಿ ತೆರಿಗೆ ಕಟ್ಟಬೇಕು. ಬುಟ್ಟಿಯಲ್ಲಿ ಹಿಡಿಸದ ಗಾತ್ರದವನಾದ್ದರಿಂದ ದೂರದ ರೈಲಿಗೆ ಟಿಕೆಟ್ಟೂ ಬೇಕು. ಗುತ್ತೂರಿನ ಓಣಿಯಲ್ಲಿ ‘ಹಚಾ’ ಅನ್ನಿಸಿಕೊಂಡವನು ಹೀಗೆ ತೆರಿಗೆದಾರನಾಗಿ, ಟಿಕೆಟ್ಟುಳ್ಳ ಪ್ರಯಾಣಿಕನಾಗಿ ಬಡ್ತಿ ಪಡೆಯುತ್ತಾನೆ.

ಬೊಗಳಿಕೆಯ ಧರ್ಮಸೂಕ್ಷ್ಮ ಇನ್ನೊಂದು. ಗುತ್ತೂರಿನಲ್ಲಿ ನಡುರಾತ್ರಿ ಬೊಗಳದ ನಾಯಿ ‘ಕೂಳಿಗೆ ದಂಡ’. ಜರ್ಮನಿಯಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಸದ್ದು ಮಾಡಕೂಡದು. ಒಂದೇ ಕರ್ಮ ಒಂದು ದೇಶದಲ್ಲಿ ಕರ್ತವ್ಯ, ಇನ್ನೊಂದರಲ್ಲಿ ಅಪರಾಧ. ಮಾಡಿದ ಕೆಲಸಕ್ಕೆ ದೂರು ಬರುವ ಊರಿದು ಎಂದು ಕರಿಯ ಬೇಗ ಅರಿತು ಮಲಗಿಬಿಡುತ್ತಾನೆ; ಮಗ ಮಾತ್ರ ಮಿಕ್ಸರ್ ಹಾಕುವ ಮೊದಲು ಗಡಿಯಾರ ನೋಡುತ್ತಾನೆ.

ಆಹಾರ ವಿಚಾರದಲ್ಲಿ ದಾವಣಗೆರೆಯ ಮಂಡಕ್ಕಿ ಮೆಣಸಿನಕಾಯಿಗೆ ಇಬ್ಬರೂ ಸಮಾನವಾಗಿ ಹಾತೊರೆಯುತ್ತಾರೆ. ಆದರೆ ಈರುಳ್ಳಿ ನಾಯಿಯ ರಕ್ತದ ಕೆಂಪುಕಣಗಳನ್ನು ಕೆಡಿಸುತ್ತದೆ. ಆದಕಾರಣ ಒಗ್ಗರಣೆ ಹಾಕದ ಮಂಡಕ್ಕಿ ಕರಿಯನಿಗೆ, ಉಳಿದದ್ದು ಅವನ ಪರಿವಾರಕ್ಕೆ.

ಇನ್ನು ಶೌಚವಿಧಿ. ಕರಿಯ ಮುಂದೆ, ಎಂಜಿನಿಯರ್ ಮಗ ಕೈಯಲ್ಲಿ ಚೀಲ ಹಿಡಿದು ಹಿಂದೆ. ಇದನ್ನು ವಿಡಿಯೋ ಕರೆಯಲ್ಲಿ ಕಂಡ ಅಜ್ಜಿ, ‘ಇದಕ್ಕೇನಪ್ಪಾ ಅಷ್ಟು ಓದಿಸಿದ್ದು?’ ಎಂದು ಕೇಳುವುದು ಸಹಜ. ಎರಡನೆಯ ಪ್ರಕರಣದ ವಗ್ಗಯ್ಯಗಳನ್ನು ನೆನಪಿಸಿ ಆಕೆಯನ್ನು ಸಮಾಧಾನಪಡಿಸಬೇಕು.

5. ಸಿದ್ಧಾಂತ

ಬರ್ಲಿನ್ನಿನ ದಾರಿಯಲ್ಲಿ ಒಂಟಿ ಮನುಷ್ಯನನ್ನು ಯಾರೂ ಮಾತಾಡಿಸುವುದಿಲ್ಲ. ನಾಯಿ ಇದ್ದರೆ ನಿಂತು ವಿಚಾರಿಸುತ್ತಾರೆ. ಕರಿಯ ಮೂಸಿ ಪರಿಚಯ ಮಾಡಿಕೊಳ್ಳುತ್ತಾನೆ, ಮಗ ‘ಹಲೋ’ ಎನ್ನುತ್ತಾನೆ. ಕರಿಯನ ಹೆಸರು ಬೀದಿಗೆಲ್ಲ ಗೊತ್ತು; ಮಗ ‘ಕರಿಯನ ಕಡೆಯವನು’. ಅವನಿಗೆ ನಾವು ಹೆಸರಿಡದಿದ್ದುದು ಇದಕ್ಕೇ.

ಎರಡನೆಯ ಲಾಭ ಇನ್ನೂ ದೊಡ್ಡದು. ಮೊಮ್ಮಗಳು ಶಾಲೆಯಲ್ಲಿ ಜರ್ಮನ್, ಅಪ್ಪ ಅಮ್ಮನೊಡನೆ ಇಂಗ್ಲಿಷ್. ಆದರೆ ಕರಿಯನಿಗೆ ‘ಬಾ’, ‘ಕೂತ್ಕ’, ‘ಬಿಡು ಅದನ್ನ’ ಎಂದರಷ್ಟೇ ಅರ್ಥವಾಗುವುದರಿಂದ, ಮಗು ಅವನೊಡನೆ ಕನ್ನಡವನ್ನೇ ಆಡಬೇಕು. ಶುಲ್ಕವಿಲ್ಲದ, ರಜೆಯಿಲ್ಲದ ಕನ್ನಡ ಮಾಧ್ಯಮ ಇದೊಂದೇ.

ಆಕ್ಷೇಪ: ನಾಯಿಗೆ ಭಾಷೆಯ ಗೊಡವೆ ಏಕೆ? ದನಿಯಷ್ಟೇ ಸಾಕಲ್ಲವೆ?

ಸಮಾಧಾನ: ಲಾರಾ ಕುವಾಯಾ ಎಂಬ ಸಂಶೋಧಕಿ ಕುನ್-ಕುನ್ ಎಂಬ ತನ್ನ ನಾಯಿಯೊಡನೆ ಮೆಕ್ಸಿಕೋದಿಂದ ಹಂಗೇರಿಯ ಬುಡಾಪೆಸ್ಟಿಗೆ ಹೋದಳು. ಇಲ್ಲಿನವರ ಮಾತು ಬೇರೆ ಎಂದು ನಾಯಿಗೆ ತಿಳಿದೀತೆ ಎಂಬ ಸಂಶಯ ಬಂತು. ಹದಿನೆಂಟು ನಾಯಿಗಳನ್ನು ಸ್ಕ್ಯಾನರಿನಲ್ಲಿ ಅಲ್ಲಾಡದೆ ಮಲಗಿಸಿ ಸ್ಪ್ಯಾನಿಷ್, ಹಂಗೇರಿಯನ್ ಎರಡರಲ್ಲೂ ಕಥೆ ಓದಿ ಕೇಳಿಸಿದರು. ಕೇಳಿ ಪಳಗಿದ ಭಾಷೆಗೂ ಹೊಸ ಭಾಷೆಗೂ ನಾಯಿಯ ಮಿದುಳು ಬೇರೆ ಬೇರೆಯಾಗಿ ಸ್ಪಂದಿಸಿತು. ವಯಸ್ಸಾದ ನಾಯಿಗಳಲ್ಲಿ ಈ ವ್ಯತ್ಯಾಸ ಹೆಚ್ಚು. 2022ರಲ್ಲಿ ಇದು ವಿದ್ವತ್ಪತ್ರಿಕೆಯಲ್ಲಿ ಅಚ್ಚಾಯಿತು. ಹಾಗಾಗಿ ಕರಿಯನಿಗೆ ವಯಸ್ಸಾದಂತೆ ಕನ್ನಡದ ಕಿವಿ ಚುರುಕಾಗುವ ಭರವಸೆ ಇದೆ. ಪರದೇಶದ ಮಕ್ಕಳ ವಿಷಯದಲ್ಲಿ ಈ ಮಾತು ಹೇಳಲು ಯಾರಿಗೆ ಧೈರ್ಯವಿದೆ?

6. ಫಲಶ್ರುತಿ

ಇದನ್ನು ಓದಿದವರಿಗೆ ವೀಸಾ ಸಿಗುತ್ತದೆಂದು ಹೇಳಲಾರೆವು. ಪರದೇಶದ ಕನ್ನಡ ಸಂಘಗಳಿಗೆ ಮಾತ್ರ ಒಂದು ಶಿಫಾರಸು: ನವೆಂಬರಿನ ರಾಜ್ಯೋತ್ಸವದಲ್ಲಿ ಕರಿಯನಂಥವರನ್ನು ಸನ್ಮಾನಿಸಿ. ಶಾಲು ಹೊದಿಸಿ, ಆ ಚಳಿಗೆ ಬೇಕು. ಹಾರ ಬೇಡ, ಹರಿದು ಹಾಕುತ್ತಾನೆ. ಮಾತಾಡಲು ಅವಕಾಶ ಕೊಟ್ಟರೆ ಎರಡು ಸಲ ಬೊಗಳಿ ಇಳಿಯುತ್ತಾನೆ. ಮುಖ್ಯ ಅತಿಥಿಗಳೂ ಇದನ್ನೇ ಅನುಸರಿಸಿದರೆ ಸಭೆ ರಾತ್ರಿ ಹತ್ತರೊಳಗೆ ಮುಗಿದು, ನೆರೆಯವರಿಂದ ದೂರು ಬರುವುದಿಲ್ಲ.