ಸನ್ನಾಹರಾಯರ ಸಮುದ್ರಸ್ನಾನ

ಪ್ರವಾಸವೆಂಬುದು ಸಾಮಾನ್ಯ ಮನುಷ್ಯರಿಗೆ ಮನೆಯ ಬಾಗಿಲಿಗೆ ಬೀಗ ಹಾಕಿದ ಮೇಲೆ ಆರಂಭವಾಗುವುದುಂಟು. ನಾನೀಗ ವರ್ಣಿಸಹೊರಟಿರುವ ಮಹನೀಯರಿಗಾದರೋ ಅದು ಬೀಗ ಹಾಕುವುದಕ್ಕೆ ಬಹು ಮುಂಚೆಯೇ ಆರಂಭವಾಗಿ, ಮನೆಯ ಪಡಸಾಲೆಯಲ್ಲಿಯೇ ತನ್ನ ಪರಾಕಾಷ್ಠೆಯನ್ನು ಮುಟ್ಟಿ, ಅನಂತರ ಬೀದಿಯಲ್ಲಿ ಏನಾದರೂ ನಡೆದರೆ ಅದೆಲ್ಲವೂ ಅದರ ಉತ್ತರಕ್ರಿಯೆಯಾಗಿ ಪರಿಣಮಿಸುತ್ತದೆ. ದೋಹಾ ನಗರದ ಕನ್ನಡಿಗರಲ್ಲಿ ಇಂಥವರು ವಿರಳರಲ್ಲ. ರಾಜ್ಯೋತ್ಸವದ ಸಮಾರಂಭದಲ್ಲಿ ವೇದಿಕೆಯ ದೀಪಗಳಿನ್ನೂ ಹತ್ತದಿರುವಾಗಲೇ ಮುಂದಿನ ಸಾಲಿನ ಕುರ್ಚಿಗಳ ಮೇಲೆ ಕರವಸ್ತ್ರಗಳನ್ನು ಹಾಸಿ, ಊಟದ ಸರದಿ ಎಲ್ಲಿಂದ ಹೊರಡುವುದೆಂಬುದನ್ನು ಸ್ವಯಂಸೇವಕರಿಗಿಂತ ಮೊದಲು ಅರಿತಿರತಕ್ಕ ಗೃಹಸ್ಥರನ್ನು ನೀವು ಕಂಡಿದ್ದರೆ ಅವರೇ ಇವರು. ಅವರ ನಿಜನಾಮಧೇಯವು ಅಪ್ರಸ್ತುತವಾದುದರಿಂದ ಸನ್ನಾಹರಾಯರೆಂದು ಕರೆಯೋಣ.

ರಾಯರು ತುಮಕೂರು ಸೀಮೆಯ ಬಯಲಿನವರು. ಸಮುದ್ರವೆಂಬುದನ್ನು ಅವರು ಬಾಲ್ಯದಲ್ಲಿ ಭೂಗೋಳದ ಪುಸ್ತಕದ ನೀಲಿ ಬಣ್ಣವಾಗಿ ಮಾತ್ರ ಬಲ್ಲವರಾದುದರಿಂದ, ಪೂರ್ವಸಿದ್ಧತೆಯಿಲ್ಲದೆ ಅದರ ಸಮೀಪಕ್ಕೆ ಹೋಗುವುದು ಅವಿವೇಕವೆಂಬ ದೃಢ ನಂಬಿಕೆ ಅವರದು. ಅವರ ಧರ್ಮಪತ್ನಿಯಾದರೋ ಕುಂದಾಪುರದ ಕಡೆಯವರು. ಹಿತ್ತಿಲ ಬಾಗಿಲು ತೆರೆದರೆ ಅಲೆಯ ಸದ್ದು ಕೇಳಿಸುತ್ತಿದ್ದ ಮನೆಯಲ್ಲಿ ಬೆಳೆದವರಿಗೆ ಸಮುದ್ರದರ್ಶನಕ್ಕೆ ಚಪ್ಪಲಿಯೂ ಅನಾವಶ್ಯಕ. ಇವರೀರ್ವರ ನಡುವೆ ಇನ್ನೂ ಎರಡು ತುಂಬದ ಒಂದು ಗಂಡುಕೂಸು. ಮೊಮ್ಮಗನನ್ನು ನೋಡಿಕೊಳ್ಳಲೆಂದು ಊರಿನಿಂದ ಬಂದಿದ್ದ ಅತ್ತೆಯವರು ಮನೆಯಲ್ಲಿದ್ದುದರಿಂದ, ಡಿಸೆಂಬರ್ ಮಾಸದ ಒಂದು ಶುಕ್ರವಾರ ವಕ್ರಾದ ಕಡಲತೀರಕ್ಕೆ ಹೋಗತಕ್ಕದ್ದೆಂದು ರಾಯರು ನಿಶ್ಚಯಿಸಿದರು. ದೋಹಾದ ದಕ್ಷಿಣಕ್ಕೆ, ಕಾರಿನಲ್ಲಿ ಅರ್ಧ ತಾಸಿನೊಳಗಿರುವ ಆ ತೀರದಲ್ಲಿ ನೀರು ಬಹುದೂರದವರೆಗೆ ಮೊಣಕಾಲನ್ನು ಮೀರದಿರುವುದರಿಂದ ಮಕ್ಕಳಿಗೆ ಅದು ಯೋಗ್ಯ ಸ್ಥಳವೆಂಬುದು ಸರ್ವವಿದಿತ. ನೆರೆಮನೆಯವನಾದ ನನಗೂ ಆಹ್ವಾನ ಬಂದಿತು; ಡಿಕ್ಕಿ ತುಂಬಿದ ಮೇಲೆ ಉಳಿಯಬಹುದಾದ ಸಾಮಾನನ್ನು ಮಡಿಲಲ್ಲಿ ಹಿಡಿದುಕೊಳ್ಳುವ ಒಬ್ಬರು ಅವರಿಗೆ ಬೇಕಾಗಿದ್ದರೆಂಬುದು ಆಮೇಲೆ ತಿಳಿಯಿತು.

ಮುಂಜಾನೆ ಏಳಕ್ಕೆ ಹೊರಡುವುದೆಂದು ನಿರ್ಧಾರವಾಗಿತ್ತು. ಏಳಕ್ಕೆ ರಾಯರು ಪಟ್ಟಿಯನ್ನು ಕೈಯಲ್ಲಿ ಹಿಡಿದು ಪಡಸಾಲೆಯ ಮಧ್ಯದಲ್ಲಿ ನಿಂತಿದ್ದರು. ಮಡಚುವ ಡೇರೆ, ಚಾಪೆ, ಕೊಡೆ, ಬಿಸಿನೀರಿನ ಫ್ಲಾಸ್ಕು, ತಣ್ಣೀರಿನ ಫ್ಲಾಸ್ಕು, ಎರಡನ್ನೂ ಬೆರೆಸಲು ಒಂದು ಚೊಂಬು, ಡೈಪರ್‌ಗಳ ಕಟ್ಟು, ಸನ್‌ಸ್ಕ್ರೀನ್ ಲೇಪ, ಜ್ವರ ಬಂದರೆ ಒಂದು ಔಷಧ, ಬಾರದಿದ್ದರೆ ಬಾರದಿರಲೆಂದು ಇನ್ನೊಂದು, ಚಿತ್ರಾನ್ನ, ಮೊಸರನ್ನ, ಕೋಡುಬಳೆಯ ಡಬ್ಬ, ಕೂಸಿಗೆ ರಾಗಿ ಸರಿ, ಗಾಳಿ ತುಂಬುವ ಈಜುಬಳೆ, ಮರಳಾಟದ ಬಕೆಟ್ಟು, ಇವೆಲ್ಲದರ ಜೊತೆಗೆ ಕೂಸನ್ನು ಕೂರಿಸುವ ಸ್ಟ್ರಾಲರ್. ಆ ಸ್ಟ್ರಾಲರಿಗೆ ಮಡಚುವ ಕ್ರಮವನ್ನು ವಿವರಿಸುವ ಒಂದು ಪುಸ್ತಿಕೆ. ರಾಯರು ಒಂದೊಂದನ್ನೇ ಚೀಲದೊಳಗಿಟ್ಟು ಪಟ್ಟಿಯಲ್ಲಿ ಗುರುತು ಹಾಕುತ್ತಿರಲು, ಅವರ ಬೆನ್ನ ಹಿಂದೆ ಕುಳಿತಿದ್ದ ಕೂಸು ಅಷ್ಟೇ ಶ್ರದ್ಧೆಯಿಂದ ಒಂದೊಂದನ್ನೇ ಹೊರಕ್ಕೆಳೆದು ಸೋಫಾದ ಅಡಿಗೆ ಸೇರಿಸುತ್ತಿತ್ತು. ಅತ್ತೆಯವರು ಅಳಿಯನೊಡನೆ ನೇರವಾಗಿ ಮಾತನಾಡುವವರಲ್ಲ; ಅವರು ಮಗಳ ಕಡೆಗೆ ತಿರುಗಿ, “ನಿನ್ನ ಗಂಡನತ್ರ ಕೇಣ್, ಸಮುದ್ರಕ್ಕೆ ಹೋಪುದಾ, ಮನಿ ಖಾಲಿ ಮಾಡುದಾ?” ಎಂದರು.

ಹೀಗೆ ತುಂಬುವ ಮತ್ತು ಬರಿದುಮಾಡುವ ಶಕ್ತಿಗಳೆರಡೂ ಸಮಬಲವಾಗಿ ಕಾದಾಡಿ, ಕೊನೆಗೆ ಕೂಸಿಗೆ ನಿದ್ದೆ ಬಂದುದರಿಂದ ಮಾತ್ರ ರಾಯರು ಜಯಶೀಲರಾಗಿ, ಮಧ್ಯಾಹ್ನ ಎರಡಕ್ಕೆ ನಾವು ಹೊರಟೆವು. ದಾರಿಯಲ್ಲಿ ಪಟ್ಟಿಯನ್ನು ಮರುಪರಿಶೀಲಿಸಿದಾಗ ಕೂಸಿನ ಟೊಪ್ಪಿ ಇಲ್ಲದಿರುವುದು ಪತ್ತೆಯಾಯಿತು. “ಡಿಸೆಂಬರ್ ಬಿಸಿಲಿಗೆ ಟೊಪ್ಪಿ ಎಂತಕ್ಕೆ ಮಾರಾಯ್ರೆ?” ಎಂದು ಪತ್ನಿಯವರು ಕೇಳಿದ್ದು ವ್ಯರ್ಥವಾಯಿತು. ಮಾಲ್‌ಗಳಲ್ಲಿ ಚೌಕಾಸಿ ನಡೆಯದೆಂಬ ಕಾರಣದಿಂದ ರಾಯರು ಕಾರನ್ನು ವಕ್ರಾದ ದಿಕ್ಕಿನಿಂದ ತಿರುಗಿಸಿ ಸೂಕ್ ವಾಕಿಫ್‌ನತ್ತ ಓಡಿಸಿದರು. “ಐದೇ ನಿಮಿಷ” ಎಂದರು. ಶುಕ್ರವಾರದ ದಿನ ಅಲ್ಲಿಯ ಬಹುಪಾಲು ಅಂಗಡಿಗಳು ಇಳಿಹೊತ್ತಿನವರೆಗೆ ಬಾಗಿಲು ತೆರೆಯುವುದಿಲ್ಲವೆಂಬ ಸಂಗತಿಯೊಂದು ಮಾತ್ರ ಅವರ ಪಟ್ಟಿಯಲ್ಲಿ ಇರಲಿಲ್ಲ.

ಕಾಯುವುದು ಅನಿವಾರ್ಯವಾದಾಗ ರಾಯರಂಥವರು ಮಾರ್ಗದರ್ಶಕರಾಗಿ ಬಿಡುತ್ತಾರೆ. ಮಣ್ಣಿನ ಬಣ್ಣದ ಗೋಡೆಗಳನ್ನೂ, ಅವುಗಳಿಂದ ಹೊರಚಾಚಿದ ಮರದ ತೊಲೆಗಳನ್ನೂ ತೋರಿಸಿ, ಇದು ಪ್ರಾಚೀನವಾಗಿ ಕಾಣುತ್ತಿದ್ದರೂ 2003ರ ಬೆಂಕಿ ಅನಾಹುತದ ತರುವಾಯ ಹಳೆಯ ರೀತಿಯಲ್ಲಿಯೇ ಪುನರ್ನಿರ್ಮಿಸಿದ ಪೇಟೆಯೆಂದು ಅತ್ತೆಯವರಿಗೆ ವಿವರಿಸಿದರು. ಅತ್ತೆಯವರು ಅದನ್ನು ಕೇಳುವಷ್ಟು ಹೊತ್ತಿಗೆ ಕೂಸು ಎಚ್ಚೆತ್ತು ಚೌಕದ ಪಾರಿವಾಳಗಳ ಹಿಂಡಿನೊಳಕ್ಕೆ ನುಗ್ಗಿತ್ತು. ಪಾರಿವಾಳಗಳು ಏಕಕಾಲಕ್ಕೆ ಮೇಲೆದ್ದು ಒಂದು ಸುತ್ತು ಹಾಕಿ ಮತ್ತೆ ಅಲ್ಲಿಯೇ ಇಳಿಯುವುದು, ಕೂಸು ಮತ್ತೆ ನುಗ್ಗುವುದು, ರಾಯರು ಕೈಒರಸುವ ಕಾಗದವನ್ನು ಹಿಡಿದು ಹಿಂದಿನಿಂದ ಓಡುವುದು. ಈ ಕ್ರಮವು ಮೂವರಲ್ಲಿ ಯಾರಿಗೂ ಬೇಸರವನ್ನುಂಟುಮಾಡಿದಂತೆ ತೋರಲಿಲ್ಲ.

ಪೇಟೆಯಲ್ಲಿ ಫ್ರೆಂಚ್ ಶಿಲ್ಪಿ ಸೆಸಾರ್ ನಿರ್ಮಿಸಿದ ಹೆಬ್ಬೆರಳೊಂದು ಆಳೆತ್ತರವನ್ನೂ ಮೀರಿ ಬಂಗಾರದ ಬಣ್ಣದಲ್ಲಿ ನಿಂತಿದೆ. ಕೂಸಿನ ಬೆರಳು ಚೀಪುವ ಚಟವನ್ನು ಬಿಡಿಸಲು ಬೇವು ಮೊದಲಾದ ಉಪಾಯಗಳೆಲ್ಲ ವಿಫಲವಾಗಿದ್ದ ಮನೆಯವರು ಅದರೆದುರಿಗೆ ನಿಂತಾಗ, ರಾಯರು ಉಪದೇಶಕ್ಕೆ ಇದೇ ಸಮಯವೆಂದು ಬಗೆದು, “ನೋಡಪ್ಪಾ, ಚೀಪದೆ ಬಿಟ್ಟರೆ ಬೆರಳು ಹೀಗೆ ಬೆಳೆಯುತ್ತದೆ” ಎಂದರು. ಕೂಸು ಆ ಮಹದಂಗುಷ್ಠವನ್ನು ಆಪಾದಮಸ್ತಕ ಪರೀಕ್ಷಿಸಿ, ತನ್ನದಕ್ಕೂ ಆ ಗತಿ ಬಂದೀತೆಂದು ಭಯಗೊಂಡೋ ಏನೋ, ತಡಮಾಡದೆ ಅದನ್ನು ಬಾಯಿಯೊಳಗಿಟ್ಟುಕೊಂಡಿತು.

ಡೇಗೆಗಳ ಬೀದಿಯಲ್ಲಿ ಇನ್ನಷ್ಟು ಹೊತ್ತು ಕಳೆಯಿತು. ಅರಬರ ಬೇಟೆಯ ಹಕ್ಕಿಗಳು ಅಲ್ಲಿ ಕಣ್ಣಿಗೆ ತೊಗಲಿನ ಕುಲಾವಿ ತೊಟ್ಟು, ಗೂಟಗಳ ಮೇಲೆ ಸಾಲಾಗಿ ಕುಳಿತಿರುತ್ತವೆ. ಅವುಗಳಿಗಾಗಿಯೇ ಪಕ್ಕದಲ್ಲೊಂದು ಆಸ್ಪತ್ರೆಯೂ ಇದೆ. ಅಷ್ಟು ಹಕ್ಕಿಗಳಲ್ಲಿ ಒಂದಾದರೂ ತನ್ನ ಟೊಪ್ಪಿಯನ್ನು ಮನೆಯಲ್ಲಿ ಮರೆತು ಬಂದಿರಲಿಲ್ಲವೆಂಬುದನ್ನು ರಾಯರು ಮೆಚ್ಚುಗೆಯಿಂದ ಗಮನಿಸಿದರು. ಕೂಸು ಅವುಗಳನ್ನು “ಕೋಳಿ” ಎಂದು ಕೂಗಿದಾಗ ಅಂಗಡಿಯವನಿಗೆ ಕನ್ನಡ ಬಾರದಿದ್ದುದು ನಮ್ಮ ಪುಣ್ಯ.

ಅಂಗಡಿಗಳು ತೆರೆದ ಮೇಲೆ ಟೊಪ್ಪಿಯ ಚೌಕಾಸಿ ನಡೆಯಿತು. ಅದನ್ನು ವಿಸ್ತರಿಸುವುದು ಬೇಡ. ಟೊಪ್ಪಿಯಲ್ಲಿ ಉಳಿಸಿದ ಐದು ರಿಯಾಲಿನ ಉತ್ಸಾಹದಲ್ಲಿ ರಾಯರು ಕೇಸರಿ, ಒಣನಿಂಬೆ, ಖರ್ಜೂರ, ಧೂಪದ ಪಾತ್ರೆ, ಒಂದು ಬಿದಿರಿನ ಬುಟ್ಟಿ ಇವುಗಳನ್ನು ಕೊಂಡು, ಹೊರಲಾರದೆ ಒಬ್ಬ ವೃದ್ಧ ಹಮಾಲನನ್ನು ಕರೆದರು. ಒಂಟಿಗಾಲಿಯ ತಳ್ಳುಗಾಡಿಯನ್ನು ನೂಕಿಕೊಂಡು ಗಿರಾಕಿಗಳ ಹಿಂದೆ ನಡೆಯುವ ಈ ಹಮಾಲರು ಆ ಪೇಟೆಯ ಗೋಡೆಗಳಿಗಿಂತ ಹೆಚ್ಚು ಹಳಬರೆಂದು ತೋರುತ್ತಾರೆ. ಗಾಡಿಯನ್ನು ಕಂಡೊಡನೆಯೇ ಕೂಸು ಎರಡೂ ಕೈಗಳನ್ನು ಚಾಚಿತು. ವೃದ್ಧನು ನಗುತ್ತ ಅದನ್ನೆತ್ತಿ ಖರ್ಜೂರದ ಚೀಲದ ಮೇಲೆ ಕುಳ್ಳಿರಿಸಿದನು. ಅನಂತರ ಪೇಟೆಯ ಓಣಿಗಳಲ್ಲಿ ಸಾಗಿದ ಮೆರವಣಿಗೆಯನ್ನು ನೋಡಿದವರು ದಸರೆಯ ಅಂಬಾರಿಯನ್ನು ಸ್ಮರಿಸದಿರಲಾರರು: ಮುಂದೆ ತಳ್ಳುಗಾಡಿಯ ಮೇಲೆ ಹೊಸ ಟೊಪ್ಪಿಯನ್ನು ಧರಿಸಿದ ಕೂಸು, ಹಿಂದೆ ಬರಿದಾದ ಸ್ಟ್ರಾಲರನ್ನು ಭಕ್ತಿಯಿಂದ ತಳ್ಳುತ್ತಿದ್ದ ಸನ್ನಾಹರಾಯರು, ಅವರ ಹಿಂದೆ ಕರಕ್ ಚಹಾದ ಲೋಟಗಳನ್ನು ಹಿಡಿದ ನಾವು.

ಅಷ್ಟರಲ್ಲಿ ಫನಾರ್‌ನ ಸುರುಳಿಮಿನಾರಿನ ಕಡೆಯಿಂದ ಮಗ್ರಿಬಿನ ಬಾಂಗು ಕೇಳಿಸಿತು. ಡಿಸೆಂಬರಿನಲ್ಲಿ ದೋಹಾದ ಸೂರ್ಯನು ಐದು ಗಂಟೆಗೆ ಮುಂಚೆಯೇ ಅಸ್ತಮಿಸುವನು.

“ಸಮುದ್ರ ಎಲ್ಲಿ ಮಾರಾಯ್ರೆ?” ಎಂದು ಪತ್ನಿಯವರು ಕೇಳಿದರು.

ಇಂಥ ಪ್ರಶ್ನೆಗೆ ಬೇರೆಯವರು ತಲೆ ತಗ್ಗಿಸುತ್ತಿದ್ದರು. ರಾಯರು ಇತಿಹಾಸವನ್ನು ಆಶ್ರಯಿಸಿದರು. ಈ ಪೇಟೆಯು ಮುಶೈರಿಬ್ ಎಂಬ ಹಳ್ಳದ ದಡದಲ್ಲಿ ಹುಟ್ಟಿದುದೆಂದೂ, ಉಬ್ಬರದ ವೇಳೆಯಲ್ಲಿ ಕಡಲನೀರು ಇಲ್ಲಿಯವರೆಗೆ ಏರಿಬರುತ್ತಿತ್ತೆಂದೂ, ಮರುಭೂಮಿಯ ಬದೂಯಿಗಳು ಕುರಿ, ಉಣ್ಣೆ, ತುಪ್ಪಗಳನ್ನು ತಂದು ದೋಣಿಗಳವರೊಡನೆ ವ್ಯಾಪಾರ ಮಾಡುತ್ತಿದ್ದರೆಂದೂ, ಈಚೆಗೆ ಕಡಲನ್ನು ತುಂಬಿ ಕಾರ್ನಿಷ್ ರಸ್ತೆಯನ್ನು ಕಟ್ಟಿದ ಮೇಲೆ ನೀರು ಅತ್ತ ಹೋಯಿತೆಂದೂ ನಿರೂಪಿಸಿ, “ಆದುದರಿಂದ ನಾವು ಸಮುದ್ರತೀರಕ್ಕೆ ಸರಿಯಾಗಿಯೇ ಬಂದಿದ್ದೇವೆ ಕಣೇ. ಸಮುದ್ರ ಸರಿದು ಹೋದರೆ ಅದಕ್ಕೆ ನಾನೇನು ಮಾಡಲಿ?” ಎಂದರು. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲವೆಂಬುದೇ ಪತ್ನಿಯವರನ್ನು ಹೆಚ್ಚು ಕೆರಳಿಸಿತೆಂದು ನನ್ನ ಊಹೆ.

ಸರಿದು ಹೋದ ಸಮುದ್ರವಾದರೂ ಬಹುದೂರ ಹೋಗಿರಲಿಲ್ಲ. ರಸ್ತೆ ದಾಟಿದರೆ ಏಳು ಕಿಲೋಮೀಟರಿನ ಅರ್ಧಚಂದ್ರಾಕೃತಿಯ ಕಾರ್ನಿಷ್. ಅಲ್ಲಿ ಮರಳಿಲ್ಲ, ಕಲ್ಲುಕಟ್ಟಡದ ದಂಡೆ ಮಾತ್ರ. ರಾಯರು ಚಾಪೆಯನ್ನು ಬಿಡಿಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗಳಿಗೂ ಚಪ್ಪಲಿಗಳನ್ನಿಟ್ಟು, ಈಜುಬಳೆಗೆ ಬಾಯಿಟ್ಟು ಊದತೊಡಗಿದರು. ಅವರ ಕೆನ್ನೆಗಳು ಉಬ್ಬಿ ಬಳೆಯಿನ್ನೂ ಉಬ್ಬದಿರುವಾಗಲೇ ಅತ್ತೆಯವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಮ್ಮಗನನ್ನು ಕಂಕುಳಿಗೇರಿಸಿಕೊಂಡು, ನೀರು ಕೈಗೆಟಕುವ ಕಲ್ಲಿನವರೆಗೆ ನಡೆದು, ಬೊಗಸೆಯಲ್ಲಿ ಒಂದಿಷ್ಟು ಮೊಗೆದು ಅದರ ನೆತ್ತಿಗೆ ಮೂರು ಸಲ ಪ್ರೋಕ್ಷಿಸಿ, “ಆಯ್ತ್, ಸಮುದ್ರಸ್ನಾನ ಆಯ್ತ್. ಇನ್ ಮನಿಗೆ ಹೋಪ” ಎಂದು ತಿರುಗಿದರು. ಕೂಸು ಕೇಕೆ ಹಾಕಿತು.

ರಾಯರು ಊದುವುದನ್ನು ನಿಲ್ಲಿಸಿ ಎದ್ದರು. ಅವರ ಮುಖದಲ್ಲಿ ಆಶಾಭಂಗದ ಚಿಹ್ನೆಯೇ ಇರಲಿಲ್ಲ. ಸ್ನಾನಾನಂತರದ ವಿಭಾಗವು ಪಟ್ಟಿಯಲ್ಲಿ ಅತ್ಯಂತ ದೀರ್ಘವಾಗಿತ್ತು. ಮೂರು ಟವೆಲ್ಲುಗಳಿಂದ ನೆತ್ತಿಯ ಆ ಹನಿಗಳನ್ನು ಒರಸಿ, ಬಟ್ಟೆ ಬದಲಾಯಿಸಿ, ರಾಗಿ ಸರಿ ತಿನ್ನಿಸಿ, ನೀರಿನಿಂದ ಹೊರಬಂದ ಕೂಡಲೇ ಪುನಃ ಲೇಪಿಸತಕ್ಕದ್ದೆಂದು ಸೀಸೆಯ ಮೇಲೆ ಮುದ್ರಿತವಾಗಿದ್ದ ಪ್ರಕಾರ, ಬೀದಿದೀಪದ ಬೆಳಕಿನಲ್ಲಿ ಕೂಸಿನ ಮುಖಕ್ಕೆ ಸನ್‌ಸ್ಕ್ರೀನ್ ಬಳಿದು, ಗುರುತುಗಳನ್ನೆಲ್ಲ ಹಾಕಿ ಮುಗಿಸಿದರು. ಅನಂತರ ನನ್ನ ಕಡೆಗೆ ತಿರುಗಿ, ಮುಂದಿನ ತಿಂಗಳು ಖೋರ್ ಅಲ್ ಉದೈದ್‌ಗೆ ಹೋಗೋಣವೆಂದೂ, ಅಲ್ಲಿ ಕಡಲು ತಾನಾಗಿಯೇ ಮರಳುಗಾಡಿನೊಳಕ್ಕೆ ಹೊಕ್ಕಿರುವುದರಿಂದ ತಪ್ಪಿಸಿಕೊಂಡು ಹೋಗುವ ಸಂಭವವಿಲ್ಲವೆಂದೂ ತಿಳಿಸಿ, ನಮ್ಮ ಮನೆಯಲ್ಲಿ ಸಲಿಕೆ, ಹಗ್ಗ ಮತ್ತು ದೊಡ್ಡ ಕೊಳದಪ್ಪಲೆ ಇವೆಯೇ ಎಂದು ವಿಚಾರಿಸಿದರು.

ಅತ್ತೆಯವರು ಮಗಳನ್ನು ಹತ್ತಿರ ಕರೆದು, ಊರಿಗೆ ಹೋಪ ಟಿಕೇಟು ಯಾವತ್ತಿಗೆ ಎಂದು ಮೆಲ್ಲಗೆ ಕೇಳಿದರು.