ವಯಸ್ಕರಿಗಾಗಿ ಉಚಿತ ಚಟುವಟಿಕೆಗಳು: ಬಂಗಾರಪೇಟೆ ಮಾದರಿ

ಸಾರ್ವಜನಿಕ ಗ್ರಂಥಾಲಯಗಳಲ್ಲಿ ವಯಸ್ಕರಿಗೆ ಉಚಿತ ಚಟುವಟಿಕೆ ನಡೆಸುವುದರಲ್ಲಿ ಫಿನ್ಲೆಂಡ್ ದೇಶ ಎಲ್ಲರಿಗಿಂತ ಮುಂದಿದೆ ಎಂಬ ತಪ್ಪುಕಲ್ಪನೆ ನಮ್ಮ ವಿದ್ಯಾವಂತರಲ್ಲಿ ಬೇರೂರಿದೆ. ಹೆಲ್ಸಿಂಕಿಯಲ್ಲಿ 2018ರ ಡಿಸೆಂಬರಿನಲ್ಲಿ ಬಾಗಿಲು ತೆರೆದ ಊಡಿ ಎಂಬ ಗ್ರಂಥಾಲಯದಲ್ಲಿ ಹೊಲಿಗೆ ಯಂತ್ರಗಳಿವೆ, ಹಾಡು ಮುದ್ರಿಸಿಕೊಳ್ಳುವ ಕೋಣೆಗಳಿವೆ, ತ್ರೀಡಿ ಪ್ರಿಂಟರ್‌ಗಳಿವೆ. ಅಮೆರಿಕದ ಗ್ರಂಥಾಲಯಗಳಲ್ಲಿ ಸ್ವೆಟರ್ ಹೆಣೆಯುವವರ ಕೂಟ ಸೇರುತ್ತದೆ, ತೆರಿಗೆ ಫಾರಂ ತುಂಬಲು ನೆರವು ಸಿಗುತ್ತದೆ, ತಿಂಗಳಿಗೊಂದು ಪುಸ್ತಕ ಓದಿ ಚರ್ಚಿಸುವ ಬಳಗವಿರುತ್ತದೆ. ಇದನ್ನೆಲ್ಲ ಕೇಳಿದ ನಮ್ಮವರು ನಿಟ್ಟುಸಿರು ಬಿಡುತ್ತಾರೆ. ಗ್ರಂಥಾಲಯ ಚಟುವಟಿಕೆಗಳ ತಜ್ಞನಾಗಿ ನಾನು ಈ ನಿಟ್ಟುಸಿರನ್ನು ಒಪ್ಪುವುದಿಲ್ಲ. ಬಂಗಾರಪೇಟೆ, ಕೆಜಿಎಫ್ ಸೀಮೆಯ ವಾಚನಾಲಯಗಳಲ್ಲಿ ಇದಕ್ಕಿಂತ ಮೇಲ್ಮಟ್ಟದ ಕಾರ್ಯಕ್ರಮಗಳು ಬಹುಕಾಲದಿಂದ ನಡೆದು ಬಂದಿವೆ. ಕರಪತ್ರವಿಲ್ಲ, ದೀಪ ಬೆಳಗುವುದಿಲ್ಲ, ಹಾರ ತುರಾಯಿ ಇಲ್ಲ, ಆಯೋಜಕರೂ ಇಲ್ಲ. ಸರ್ಕಾರಕ್ಕೆ ಒಂದು ಪೈಸೆ ಖರ್ಚಿಲ್ಲದೆ ವಯಸ್ಕರನ್ನು ಇಷ್ಟು ಹೊತ್ತು ಕೂರಿಸುವುದು ಫಿನ್ಲೆಂಡಿನವರಿಗೆ ಈವರೆಗೂ ಸಾಧ್ಯವಾಗಿಲ್ಲ.

ನಾನು ಅಧ್ಯಯನ ಮಾಡಿದ ವಾಚನಾಲಯಗಳ ಹೆಸರನ್ನು ಸಂಶೋಧನೆಯ ಶಿಸ್ತಿಗೆ ಕಟ್ಟುಬಿದ್ದು ಗುಟ್ಟಾಗಿಟ್ಟಿದ್ದೇನೆ. ಓದುಗರು ಇದು ತಮ್ಮ ಊರಿನದೇ ಎಂದುಕೊಂಡರೆ ಆಕ್ಷೇಪಣೆಯಿಲ್ಲ.

ಚಟುವಟಿಕೆಗಳಲ್ಲಿ ಅಗ್ರಸ್ಥಾನ ಪತ್ರಿಕಾ ವಿಭಜನೆಗೆ ಸಲ್ಲಬೇಕು. ಅಖಂಡವಾಗಿ ಒಳಬಂದ ದಿನಪತ್ರಿಕೆ ಬಾಗಿಲು ತೆಗೆದ ಕೆಲವೇ ನಿಮಿಷಗಳಲ್ಲಿ ಬಿಡಿ ಹಾಳೆಗಳಾಗಿ ಆರೇಳು ಜನರ ಕೈ ಸೇರುತ್ತದೆ. ಮೊದಲ ಹಾಳೆ ನಿವೃತ್ತ ಮೇಷ್ಟ್ರಿಗೆ. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದರೆ ಹೊಸಬನೊಬ್ಬ ಆ ಹಾಳೆಗೆ ಕೈ ಹಾಕಿದರೆ ಇಡೀ ಕೋಣೆ ಒಟ್ಟಿಗೆ ಕೆಮ್ಮುತ್ತದೆ. ಪತ್ರಿಕೆಯನ್ನು ಮಡಚುವ ರೀತಿಯಿಂದಾಗಿ ಮೊದಲ ಪುಟ ಹಿಡಿದವರಿಗೆ ಕೊನೆಯ ಪುಟವೂ ತಾನಾಗಿ ಬರುತ್ತದೆ. ಮಧ್ಯದ್ದು ಮಾತ್ರ ಪರರ ಸೊತ್ತು. ಕಾರ್ಯಕ್ರಮದ ಶೈಕ್ಷಣಿಕ ಮೌಲ್ಯ ಇರುವುದು ಇಲ್ಲೇ. ಮಂತ್ರಿಯೊಬ್ಬರು ರಾಜೀನಾಮೆ ಕೊಟ್ಟ ಸುದ್ದಿ ಮೇಷ್ಟ್ರ ಬಳಿ ಇದೆ. ಯಾಕೆ ಕೊಟ್ಟರು ಎಂಬುದು ಐದನೇ ಪುಟಕ್ಕೆ ಮುಂದುವರಿದಿದೆ. ಐದನೇ ಪುಟ ರೈಲ್ವೆಯಿಂದ ನಿವೃತ್ತರಾದವರ ಕೈಯಲ್ಲಿದೆ.

“ಯಜಮಾನ್ರೇ, ಆ ಷೀಟು ಆಯ್ತಾ?”

“ಇನ್ನೊಂದು ಚೂರು ಐತೆ, ಸಾರ್.”

ಇನ್ನೊಂದು ಚೂರು ಎಂದರೆ ಒಂದು ಸಂಪಾದಕೀಯ, ಎರಡು ಲೇಖನ, ವಾಚಕರ ವಾಣಿ ಮತ್ತು ಒಂದು ಶ್ರದ್ಧಾಂಜಲಿ. ಅಲ್ಲಿಯವರೆಗೆ ಮೇಷ್ಟ್ರು ಸುಮ್ಮನಿರುವ ಪೈಕಿಯಲ್ಲ. ರಾಜೀನಾಮೆಯ ಕಾರಣವನ್ನು ತಾವೇ ಕಂಡುಹಿಡಿದು ಪಕ್ಕದವರಿಗೆ ಪಿಸುಮಾತಿನಲ್ಲಿ ಹೇಳಿಬಿಡುತ್ತಾರೆ. ಪಕ್ಕದವರು ಅದನ್ನು ಆಚೆ ಬೆಂಚಿಗೆ ದಾಟಿಸುತ್ತಾರೆ. ಅರ್ಧ ಗಂಟೆಯ ಮೇಲೆ ಐದನೇ ಪುಟ ಕೈಗೆ ಬಂದು, ಅದರಲ್ಲಿ ಬೇರೆಯೇ ಕಾರಣ ಇದ್ದರೆ, ಪತ್ರಿಕೆಯವರು ದುಡ್ಡು ತಿಂದಿದ್ದಾರೆ ಎಂದು ತೀರ್ಮಾನವಾಗುತ್ತದೆ. ವಿದೇಶಗಳಲ್ಲಿ ಮಾಧ್ಯಮವನ್ನು ಪ್ರಶ್ನಿಸುವುದು ಹೇಗೆಂದು ಕಲಿಸಲು ವಯಸ್ಕರಿಗೆ ಕಮ್ಮಟಗಳನ್ನು ಏರ್ಪಡಿಸಬೇಕಾಗುತ್ತದೆ. ನಮ್ಮಲ್ಲಿ ಪತ್ರಿಕೆ ಒಂದೇ ಪ್ರತಿ ತರಿಸಿದರೆ ಸಾಕು.

ಇಂಥ ಓದುಗನನ್ನು ವರ್ಗೀಕರಿಸುವುದು ಹೇಗೆ ಎಂಬ ಪ್ರಶ್ನೆ ನನ್ನನ್ನು ಕಾಡಿತ್ತು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎನಿಸಿದ ಎಸ್. ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದವರು. 1962ರಲ್ಲಿ ಅಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಜಗತ್ತಿನ ಯಾವುದೇ ವಿಷಯವನ್ನು ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮುಖಗಳಲ್ಲಿ ಒಡೆದು ಜೋಡಿಸಬಹುದು ಎಂದು ಅವರ ಕೋಲನ್ ವರ್ಗೀಕರಣ ಹೇಳುತ್ತದೆ. ನಾನು ಅದನ್ನು ಕಿಟಕಿ ಪಕ್ಕದ ಬೆಂಚಿಗೆ ಅನ್ವಯಿಸಿದೆ. ವ್ಯಕ್ತಿತ್ವ: ಪಿಂಚಣಿದಾರ. ದ್ರವ್ಯ: ಕ್ರೀಡಾಪುಟ. ಶಕ್ತಿ: ತೂಕಡಿಕೆ. ದೇಶ: ಫ್ಯಾನಿನ ನೇರ ಕೆಳಗೆ. ಕಾಲ: ಇಡ್ಲಿ ತಿಂದ ಮೇಲೆ. ಎಲ್ಲೂ ಒಂದಿನಿತು ತೊಡಕಾಗಲಿಲ್ಲ. ವಿಜ್ಞಾನ ಎಂದರೆ ಇದು.

ಫ್ಯಾನಿನ ಮಾತು ಬಂದದ್ದರಿಂದ ಅದರ ಚರಿತ್ರೆಯನ್ನೂ ದಾಖಲಿಸುತ್ತೇನೆ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಬಂದದ್ದು 1902ರಲ್ಲಿ. ಬೆಂಗಳೂರು ಪೇಟೆಗೆ ದೀಪ ಬರಲು 1905ರವರೆಗೆ ಕಾಯಬೇಕಾಯಿತು. ಆದ್ದರಿಂದ ವಿದ್ಯುತ್ತಿನ ಅಡಿಯಲ್ಲಿ ವಿಶ್ರಮಿಸುವ ವಿದ್ಯೆಯಲ್ಲಿ ನಮ್ಮ ಸೀಮೆ ರಾಜಧಾನಿಗಿಂತ ಮೂರು ವರ್ಷ ಹಿರಿಯದು. ಮುಂದೆ 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದಾಗ ಸಾವಿರಾರು ವಯಸ್ಕರಿಗೆ ಒಂದೇ ದಿನ ಪುರುಸೊತ್ತು ಮಂಜೂರಾಯಿತು. ವಯಸ್ಕರ ಚಟುವಟಿಕೆಗೆ ಜನ ಸೇರುವುದಿಲ್ಲ ಎಂದು ಕೊರಗುವ ದೇಶಗಳು ಈ ಕ್ರಮವನ್ನು ಪರಿಶೀಲಿಸಬಹುದು.

ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಪಂಚಸೂತ್ರಗಳ ಪಾಲನೆಯಲ್ಲೂ ನಾವು ಹಿಂದಿಲ್ಲ. ಪುಸ್ತಕಗಳಿರುವುದು ಬಳಸಲಿಕ್ಕೆ ಎಂಬುದು ಅವರ ಮೊದಲ ಸೂತ್ರದ ತಾತ್ಪರ್ಯ. ನಾನು ಕಂಡ ಒಂದು ವಾಚನಾಲಯದಲ್ಲಿ ಅಲುಗಾಡುವ ಮೇಜಿನ ಕಾಲಿಗೆ ವಿಶ್ವಕೋಶದ ಒಂದು ಸಂಪುಟ ಆಧಾರವಾಗಿತ್ತು. ಉಳಿದ ಸಂಪುಟಗಳು ಗಾಜಿನ ಬೀರುವಿನಲ್ಲಿದ್ದವು, ಬೀಗದ ಕೈ ವರ್ಗವಾಗಿ ಹೋದವರ ಬಳಿ ಇತ್ತು. ಓದುಗನ ಸಮಯ ಉಳಿಸಬೇಕು ಎಂಬುದು ನಾಲ್ಕನೆಯ ಸೂತ್ರ. ಇದನ್ನು ನಮ್ಮವರು ಪರಾಕಾಷ್ಠೆಗೆ ಒಯ್ದಿದ್ದಾರೆ. ಬಂಗಾರಪೇಟೆಯ ದುಡಿಯುವ ವಯಸ್ಕ ನಸುಕಿನ ರೈಲಿಗೆ ಬೆಂಗಳೂರಿಗೆ ಹೋಗುತ್ತಾನೆ, ಕತ್ತಲಾದ ಮೇಲೆ ಇಳಿಯುತ್ತಾನೆ. ಗ್ರಂಥಾಲಯ ಅವನು ಹೋದ ಮೇಲೆ ತೆರೆದು ಅವನು ಬರುವಷ್ಟರಲ್ಲಿ ಮುಚ್ಚುತ್ತದೆ. ಅವನ ಸಮಯ ನೂರಕ್ಕೆ ನೂರು ಉಳಿದಂತಾಯಿತು. ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವಿ ಎಂಬುದು ಐದನೆಯದು. ಇದಕ್ಕೆ ಸಾಕ್ಷಿ ಬೇಕೆಂದರೆ ಹಿಂಗೋಡೆಯ ಬಿರುಕಿನಲ್ಲಿರುವ ಅರಳಿ ಸಸಿಯನ್ನು ನೋಡಬಹುದು.

ಸಂಜೆಯ ಹೊತ್ತಿಗೆ ವಾಚನಾಲಯ ಸ್ಪರ್ಧಾತ್ಮಕ ಪರೀಕ್ಷೆಯವರದಾಗುತ್ತದೆ. ಇವರು ಪುಸ್ತಕವನ್ನು ಮನೆಯಿಂದ ತರುತ್ತಾರೆ, ನೀರಿನ ಬಾಟಲಿ ಮನೆಯಿಂದ, ಮೊಬೈಲ್ ಚಾರ್ಜರ್ ಮನೆಯಿಂದ. ಗ್ರಂಥಾಲಯದ ಕೊಡುಗೆ ಗೋಡೆಯ ಪ್ಲಗ್ಗು ಮತ್ತು ಮೌನ. ವಿದೇಶದ ಪುಸ್ತಕ ಬಳಗ ಒಂದು ಪುಸ್ತಕವನ್ನು ತಿಂಗಳಲ್ಲಿ ಮುಗಿಸಿ ಎದ್ದು ಹೋಗುತ್ತದೆ. ಸದಸ್ಯರನ್ನು ಹಿಡಿದಿಡುವ ಯೋಜನೆಯೇ ಅವರಲ್ಲಿಲ್ಲ. ನಮ್ಮಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆದು, ಅಕ್ರಮ ಬಯಲಾಗಿ, 2022ರಲ್ಲಿ ರದ್ದಾಗಿ, 2024ರ ಜನವರಿಯಲ್ಲಿ ಮತ್ತೆ ನಡೆಯಿತು. ಅದೇ ವರ್ಷ ಆಗಸ್ಟಿನಲ್ಲಿ ನಡೆದ ಕೆಎಎಸ್ ಪೂರ್ವಭಾವಿ ಪರೀಕ್ಷೆ ಪ್ರಶ್ನೆಪತ್ರಿಕೆಯ ದೋಷಗಳಿಂದಾಗಿ ಡಿಸೆಂಬರಿನಲ್ಲಿ ಮರಳಿ ನಡೆಯಿತು. ಒಬ್ಬ ಹುಡುಗ ಒಂದೇ ಬೆಂಚಿನಲ್ಲಿ ಹುಡುಗನಾಗಿ ಕೂತು ವಯಸ್ಕನಾಗಿ ಏಳುವಷ್ಟು ದೀರ್ಘವಾದ ವ್ಯಾಸಂಗಕ್ರಮ ಇದು. ಮಧ್ಯೆ ವಯೋಮಿತಿ ಮೀರಿದವರು ಬೆಂಚು ಬದಲಿಸಿ ಪತ್ರಿಕಾ ವಿಭಜನೆಯ ಕಡೆ ಕೂರುತ್ತಾರೆ. ಒಂದು ಕಾರ್ಯಕ್ರಮದಿಂದ ಇನ್ನೊಂದಕ್ಕೆ ಇಷ್ಟು ಸಲೀಸಾಗಿ ಬಡ್ತಿ ಸಿಗುವುದು ಅಪರೂಪ.

ಪದಬಂಧ, ದಿನಭವಿಷ್ಯ, ವಧೂವರರ ಅಂಕಣ ಇವು ಉಪಚಟುವಟಿಕೆಗಳು. ಪದಬಂಧವನ್ನು ಯಾರೋ ಒಬ್ಬರು ಬೆಳಿಗ್ಗೆಯೇ ಬಾಲ್‌ಪೆನ್ನಿನಲ್ಲಿ ತುಂಬಿಟ್ಟಿರುತ್ತಾರೆ. ಅವರು ಯಾರೆಂಬುದು ಇಂದಿಗೂ ಪತ್ತೆಯಾಗಿಲ್ಲ. ಉತ್ತರಗಳು ಬಹುತೇಕ ತಪ್ಪು.

ಮಹಿಳೆಯರ ಬಗ್ಗೆ ಏನು ಎಂದು ಕೇಳುವವರಿದ್ದಾರೆ. ಮಹಿಳೆಯರಿಗೆ ಎಂದು ಬರೆದ ಬೆಂಚಿನ ಮೇಲೆ ಕಳೆದ ವರ್ಷದ ಪತ್ರಿಕೆಗಳ ಕಟ್ಟುಗಳು ಕೂತಿರುವುದನ್ನು ನಾನು ಒಪ್ಪಿಕೊಳ್ಳುತ್ತೇನೆ. ಆದರೆ ಅವರ ಚಟುವಟಿಕೆಗಳಿಗೆ ಬೇರೆ ಸ್ಥಳಾವಕಾಶ ಇದೆ. ಮಾರಿಕುಪ್ಪಂನಿಂದ ಹೊರಟು ಬಂಗಾರಪೇಟೆಯಲ್ಲಿ ಜನ ತುಂಬಿಕೊಂಡು ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗುವ ರೈಲಿನ ಮಹಿಳಾ ಬೋಗಿಯನ್ನು ನೋಡಿ. ಟೇಕಲ್ ದಾಟುವಷ್ಟರಲ್ಲಿ ಒಬ್ಬರು ಹೂ ಕಟ್ಟುತ್ತಾರೆ, ಇನ್ನೊಬ್ಬರು ಹುರುಳಿಕಾಯಿ ನಾರು ತೆಗೆಯುತ್ತಾರೆ. ಮಾಲೂರಿನ ಹೊತ್ತಿಗೆ ಚೀಟಿಯ ಲೆಕ್ಕ, ಮಕ್ಕಳ ಫೀಸು, ಯಾವ ಗಾರ್ಮೆಂಟ್ಸಿನಲ್ಲಿ ಪಿಎಫ್ ಸರಿಯಾಗಿ ಕಟ್ಟುತ್ತಾರೆ ಎಂಬ ವಿಚಾರ ಸಂಕಿರಣ. ಒಂದೇ ಮಾತು ಕನ್ನಡದಲ್ಲಿ ಹುಟ್ಟಿ, ತೆಲುಗಿನಲ್ಲಿ ಬೆಳೆದು, ತಮಿಳಿನಲ್ಲಿ ಮುಗಿಯುತ್ತದೆ. ಯಾರಿಗೂ ಅನುವಾದಕರು ಬೇಕಾಗುವುದಿಲ್ಲ. ಪಕ್ಕದ ಬೋಗಿಯಲ್ಲಿ ಗಂಡಸರು ಇಸ್ಪೀಟು ಆಡುತ್ತಾರೆ. ಸ್ವೆಟರ್ ಕೂಟ, ಹಣಕಾಸು ಸಲಹೆ, ಭಾಷಾ ಕಲಿಕೆ ಇವೆಲ್ಲ ಒಂದೇ ಸೂರಿನಡಿ, ಅದೂ ಚಲಿಸುವ ಸೂರು. ರಂಗನಾಥನ್ ಪ್ರೇರಣೆಯಿಂದ 1931ರಲ್ಲಿ ಮನ್ನಾರ್ಗುಡಿಯಲ್ಲಿ ಎತ್ತಿನ ಗಾಡಿಯ ಗ್ರಂಥಾಲಯ ಹೊರಟಿತ್ತು. ಅದರಲ್ಲಿ ಪುಸ್ತಕಗಳಿದ್ದವು. ನಮ್ಮ ರೈಲು ಆ ಹೊರೆಯನ್ನೂ ಇಳಿಸಿಕೊಂಡಿದೆ.

ಇತಿಹಾಸದ ಒಂದೆರಡು ಅಡಚಣೆಗಳನ್ನು ಮುಚ್ಚಿಡುವುದು ತಜ್ಞನಿಗೆ ಶೋಭಿಸುವುದಿಲ್ಲ. ಅಯೋತಿದಾಸ ಪಂಡಿತರು 1907ರಲ್ಲಿ ಮದರಾಸಿನಲ್ಲಿ ಆರಂಭಿಸಿದ ತಮಿಳು ವಾರಪತ್ರಿಕೆಗೆ ಕೆಜಿಎಫ್ ಗಣಿಗಳ ಕಾರ್ಮಿಕರಲ್ಲಿ ದೊಡ್ಡ ಬೆಂಬಲವಿತ್ತು. ಮಾರಿಕುಪ್ಪಂನಲ್ಲಿ ಅವರ ಶಾಕ್ಯ ಬೌದ್ಧ ಸಂಘದ ಶಾಖೆ ನಡೆಯುತ್ತಿತ್ತು. ಪಂಡಿತರು 1914ರಲ್ಲಿ ತೀರಿಕೊಂಡ ಮೇಲೆ, 1920ರ ದಶಕದಲ್ಲಿ ಅವರ ‘ತಮಿಳನ್’ ಪತ್ರಿಕೆ ಕೆಜಿಎಫ್‌ನಿಂದಲೇ ಮತ್ತೆ ಹೊರಬಂತು. ಭೂಮಿಯೊಳಗೆ ಕಲ್ಲು ಒಡೆದು ಮೇಲೆ ಬಂದವರು ಜಾತಿ, ಧರ್ಮ, ಸಮಾನತೆಯ ಬಗ್ಗೆ ಸಭೆ ಸೇರಿ ಮಾತಾಡಿದರು, ಕಾಸು ಕೂಡಿಸಿ ಅಚ್ಚು ಹಾಕಿಸಿದರು. ಇದನ್ನು ವಯಸ್ಕರ ಚಟುವಟಿಕೆ ಎಂದು ಪರಿಗಣಿಸಲು ನನಗೆ ಕಷ್ಟವಾಗುತ್ತದೆ. ಇಲಾಖೆಯ ಅನುಮೋದನೆ ಇರಲಿಲ್ಲ, ಹಾಜರಿ ಪುಸ್ತಕ ಇರಲಿಲ್ಲ, ಇಲಾಖೆಯೂ ಇರಲಿಲ್ಲ.

ಇನ್ನೊಂದು ಅಡಚಣೆ ಮುಳಬಾಗಿಲಿನವರಾದ ಡಿ.ವಿ.ಜಿ. ಅವರದು. 1945ರಲ್ಲಿ ಅವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿ, ಪುಸ್ತಕ ಭಂಡಾರ ಇಟ್ಟು, ದೊಡ್ಡವರನ್ನು ಕೂರಿಸಿಕೊಂಡು ಅಧ್ಯಯನ ಗೋಷ್ಠಿ ನಡೆಸಿದರು. ಅಲ್ಲಿ ಭಗವದ್ಗೀತೆಯ ಮೇಲೆ ಮಾಡಿದ ಪಾಠಗಳೇ ಮುಂದೆ ‘ಜೀವನಧರ್ಮಯೋಗ’ವಾಗಿ 1967ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವು. ಒಂದು ವಾಚನಾಲಯದ ಸಂಜೆಯ ಮಾತು ಪುಸ್ತಕವಾಗಿ ಮತ್ತೆ ಎಲ್ಲ ವಾಚನಾಲಯಗಳಿಗೆ ಹೋಯಿತು. ಆದರೆ ಇದೆಲ್ಲ ನಡೆದದ್ದು ಬೆಂಗಳೂರಿನಲ್ಲಿ. ಹಾಲು, ಟೊಮೆಟೊ, ರೇಷ್ಮೆ, ನಸುಕಿನ ರೈಲಿನ ಜನ, ಇವುಗಳ ಜೊತೆ ಕೋಲಾರ ಜಿಲ್ಲೆ ಕಳಿಸಿಕೊಟ್ಟ ಸರಕುಗಳ ಪಟ್ಟಿಗೆ ಅದನ್ನೂ ಸೇರಿಸಿಕೊಳ್ಳಬಹುದು. ಬಂಗಾರಪೇಟೆಯ ಹೆಸರು ಹೊತ್ತು ಬೆಂಗಳೂರಿನಲ್ಲಿ ಈಗಲೂ ಶಾಖೆ ತೆರೆಯುತ್ತಿರುವುದು ಬಣ್ಣವಿಲ್ಲದ ನೀರಿನ ಪಾನಿಪೂರಿ ಮಾತ್ರ.

ಹಳ್ಳಿಗಳ ವಿಷಯ ಸಂಕ್ಷಿಪ್ತ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ವರ್ಗವಾಗಿ, ಈಗ ಅರಿವು ಕೇಂದ್ರಗಳೆನಿಸಿವೆ. ಅಲ್ಲಿ ಮಕ್ಕಳಿಗೆ ‘ಓದುವ ಬೆಳಕು’ ಎಂಬ ಕಾರ್ಯಕ್ರಮವಿದೆ. ವಯಸ್ಕರಿಗೆ, ಮಗುವನ್ನು ಕರೆತಂದು ಹೊರಗೆ ಕಾಯುವ ಕಾರ್ಯಕ್ರಮವಿದೆ.

ಕೊನೆಗೆ ಹಣಕಾಸಿನ ಪ್ರಶ್ನೆ. ಇವೆಲ್ಲ ಉಚಿತ ಎಂದು ನಾನು ಮೇಲೆ ಬರೆದದ್ದನ್ನು ಲೆಕ್ಕಪತ್ರ ತಿಳಿದವರು ಪ್ರಶ್ನಿಸಬಹುದು. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ಮನೆ ಕಂದಾಯದ ಮೇಲೆ ಗ್ರಂಥಾಲಯ ಕರ ಸೇರುತ್ತದೆ, ಈಗ ಅದು ರೂಪಾಯಿಗೆ 6 ಪೈಸೆ. ವಸೂಲಿ ಮಾಡುವುದು ಸ್ಥಳೀಯ ಸಂಸ್ಥೆ, ಅದನ್ನು ಗ್ರಂಥಾಲಯಕ್ಕೆ ದಾಟಿಸಬೇಕಾದದ್ದೂ ಅದೇ. ದಾಟಿಸುವ ಕೆಲಸದಲ್ಲಿ ಅವಸರ ಕಂಡುಬಂದಿಲ್ಲ. ಬೆಂಗಳೂರು ಮಹಾನಗರ ಪಾಲಿಕೆಯೊಂದರ ಬಾಕಿಯೇ ನೂರಾರು ಕೋಟಿಗೆ ಏರಿದ್ದು ಪತ್ರಿಕೆಗಳಲ್ಲಿ ಬಂದ ಸಂಗತಿ, ಮಧ್ಯದ ಹಾಳೆ ಸಿಕ್ಕವರು ಓದಿರುತ್ತಾರೆ. ಅಂದರೆ ನಾಗರಿಕರು ಮುಂಗಡವಾಗಿ ಹಣ ಕಟ್ಟಿ, ಆ ಹಣ ದಾರಿಯಲ್ಲಿರುವಾಗ, ತಮ್ಮ ಕಾರ್ಯಕ್ರಮವನ್ನು ತಾವೇ ನಡೆಸಿಕೊಳ್ಳುತ್ತಿದ್ದಾರೆ. ಇಂಥ ವ್ಯವಸ್ಥೆಯನ್ನು ಉಚಿತ ಎನ್ನದೆ ಇನ್ನೇನೆಂದು ಕರೆಯಬೇಕೋ ನನ್ನ ಶಾಸ್ತ್ರದಲ್ಲಿ ಹೇಳಿಲ್ಲ.

ಓದುಗರು ಈ ವರ್ಷದ ಕಂದಾಯದ ರಸೀತಿಯನ್ನೊಮ್ಮೆ ತೆಗೆದು ನೋಡಬೇಕೆಂದು ವಿನಂತಿ. ಗ್ರಂಥಾಲಯ ಕರ ಎಂಬ ಸಾಲು ಕಂಡರೆ ರಸೀತಿಯನ್ನು ಜೇಬಿನಲ್ಲಿಟ್ಟುಕೊಂಡು ಹತ್ತಿರದ ಗ್ರಂಥಾಲಯಕ್ಕೆ ಹೋಗಿ, ದೊಡ್ಡವರಿಗೆ ಈ ತಿಂಗಳು ಏನು ಕಾರ್ಯಕ್ರಮ ಇಟ್ಟುಕೊಂಡಿದ್ದೀರಿ ಎಂದು ಮರ್ಯಾದೆಯಿಂದ ಕೇಳಿ. ಸೋಮವಾರ ಹೋಗಬೇಡಿ, ರಜೆ. ಎರಡನೇ ಮಂಗಳವಾರವೂ ರಜೆ.