ಚಪ್ಪಾಳೆ ಆಮೇಲೆ ಹಾಕ್ಕೊಳ್ಳೋಣ

ರಾಕ್ ಸಂಗೀತದ ಲೋಕದಲ್ಲಿ ಅತ್ಯಂತ ಶ್ರಮಪಟ್ಟು ಸ್ಟುಡಿಯೋದಲ್ಲಿ ತಯಾರಿಸುವ ಆಲ್ಬಮ್ಮಿಗೆ ಲೈವ್ ಆಲ್ಬಮ್ ಎಂದು ಹೆಸರು. ಮಾಮೂಲಿ ಆಲ್ಬಮ್ಮಾದರೆ ನಾಲ್ಕು ಗೋಡೆಯ ನಡುವೆ ಕೂತು ಹಾಡಿ ಮುಗಿಸಿಬಿಡಬಹುದು. ಲೈವ್ ಆಲ್ಬಮ್ಮಿಗೆ ಹಾಗಲ್ಲ. ಮೊದಲು ಹತ್ತು ಸಾವಿರ ಜನರೆದುರು ಬೆವರು ಸುರಿಸಿ ಹಾಡಬೇಕು. ಆಮೇಲೆ ಅದೇ ನಾಲ್ಕು ಗೋಡೆಯ ನಡುವೆ ಕೂತು, ಹಾಡಿದ್ದರಲ್ಲಿ ಕೆಟ್ಟದ್ದನ್ನೆಲ್ಲ ಅಳಿಸಿ ಮತ್ತೊಮ್ಮೆ ಹಾಡಬೇಕು. ಕೊನೆಗೆ ಮೇಲಿಂದ ಒಂದಿಷ್ಟು ಚಪ್ಪಾಳೆ ಉದುರಿಸಬೇಕು.

ಹೊಟ್ಟೆಕಿಚ್ಚಿನ ಮಾತಲ್ಲ, ದಾಖಲೆ ಇದೆ. ರೋಲಿಂಗ್ ಸ್ಟೋನ್ಸ್ 1966ರಲ್ಲಿ ಅಮೆರಿಕದಲ್ಲಿ ಬಿಟ್ಟ ಲೈವ್ ಆಲ್ಬಮ್ಮಿನ ಎರಡು ಹಾಡು ವೇದಿಕೆಯ ಮುಖವನ್ನೇ ಕಂಡಿರಲಿಲ್ಲ. ಸ್ಟುಡಿಯೋದಲ್ಲಿ ಹಾಡಿದ್ದಕ್ಕೆ ಅಭಿಮಾನಿಗಳ ಕಿರುಚಾಟ ಅಂಟಿಸಿದ್ದರು. ಮುಖಕ್ಕೆ ಬಣ್ಣ ಬಳಿದುಕೊಂಡು ಬೆಂಕಿ ಉಗುಳುತ್ತಿದ್ದ ಕಿಸ್ ಬ್ಯಾಂಡಿನವರು 1975ರಲ್ಲಿ ‘ಅಲೈವ್!’ ತಂದರು. ಬೆಂಕಿ ಉಗುಳುವವನ ಬೆರಳು ತಂತಿಯ ಮೇಲೆ ನೆಟ್ಟಗೆ ಕೂರುವುದಾದರೂ ಹೇಗೆ? ತಪ್ಪಿದ್ದನ್ನು ಆಮೇಲೆ ತಿದ್ದಿದೆವು ಎಂದು ನಿರ್ಮಾಪಕ ಎಡ್ಡಿ ಕ್ರೇಮರ್ ಮುಂದೊಮ್ಮೆ ಒಪ್ಪಿಕೊಂಡರು. ಅಷ್ಟರಲ್ಲಿ ಆಲ್ಬಮ್ಮು ಲಕ್ಷಗಟ್ಟಲೆ ಮಾರಾಟವಾಗಿ, ಮುಳುಗುತ್ತಿದ್ದ ರೆಕಾರ್ಡ್ ಕಂಪನಿಯನ್ನು ದಡಕ್ಕೆ ಎಳೆದುಹಾಕಿತ್ತು. ಥಿನ್ ಲಿಜ್ಜಿಯ ‘ಲೈವ್ ಅಂಡ್ ಡೇಂಜರಸ್’ (1978) ವಿಚಾರದಲ್ಲಂತೂ ಪಂಚಾಯ್ತಿಯೇ ನಡೆಯಿತು. ಮುಕ್ಕಾಲು ಪಾಲು ಸ್ಟುಡಿಯೋದಲ್ಲಿ ಮಾಡಿದ್ದು ಎಂದು ನಿರ್ಮಾಪಕ ಟೋನಿ ವಿಸ್ಕಾಂಟಿ ಅಂದರು. ಉಹುಂ, ಮುಕ್ಕಾಲು ಪಾಲು ವೇದಿಕೆಯದೇ ಎಂದು ಬ್ಯಾಂಡಿನ ಮ್ಯಾನೇಜರು ಅಂದರು. ಕಾಲು ಪಾಲು ಸುಳ್ಳು ಎಂಬ ಬಗ್ಗೆ ಇಬ್ಬರಲ್ಲೂ ಭಿನ್ನಾಭಿಪ್ರಾಯವಿಲ್ಲ.

ಈಗಲ್ಸ್ ಬ್ಯಾಂಡಿನದು ಇನ್ನೂ ಮೇಲು. 1980ರಲ್ಲಿ ಜಗಳವಾಡಿ ಬೇರೆಯಾದವರು, ಕರಾರಿನ ಪ್ರಕಾರ ಒಂದು ಲೈವ್ ಆಲ್ಬಮ್ ಕೊಡಬೇಕಿತ್ತು. ಮುಖ ನೋಡಲು ಮನಸ್ಸಿಲ್ಲ. ಅಮೆರಿಕದ ಈ ಕರಾವಳಿಯಲ್ಲಿ ಒಬ್ಬ, ಆ ಕರಾವಳಿಯಲ್ಲಿ ಇನ್ನೊಬ್ಬ ಕೂತು ತಿದ್ದಿದರು. ಅವರ ಪರವಾಗಿ ಟೇಪು ಕೊರಿಯರ್‌ನಲ್ಲಿ ಓಡಾಡಿತು. ಕೇಳಿದರೆ ಒಂದೇ ಉಸಿರಿನಲ್ಲಿ ಕೂಡಿ ಹಾಡಿದಂತಿದೆ. ಕವರಿನ ಮೇಲೆ ಐವರು ವಕೀಲರಿಗೆ ವಂದನೆ ಸಲ್ಲಿಸಿದ್ದಾರೆ. ನಮ್ಮ ಕಡೆ ಅಣ್ಣತಮ್ಮಂದಿರ ಪಾಲಿನ ಕೇಸು ಇಪ್ಪತ್ತು ವರ್ಷ ನಡೆದರೂ ಇಷ್ಟು ಸಾಮರಸ್ಯ ಹುಟ್ಟಿದ್ದಿಲ್ಲ.

ಮರ್ಯಾದೆ ಉಳಿಸಿದವರು ಡೀಪ್ ಪರ್ಪಲ್. 1972ರ ಆಗಸ್ಟ್‌ನಲ್ಲಿ ಜಪಾನಿನ ಒಸಾಕಾದಲ್ಲಿ ಎರಡು ರಾತ್ರಿ, ಟೋಕಿಯೊದಲ್ಲಿ ಒಂದು ರಾತ್ರಿ ನುಡಿಸಿದರು. ಮೂರರಲ್ಲಿ ಚೆನ್ನಾಗಿ ಬಂದದ್ದನ್ನು ಆಯ್ದು ‘ಮೇಡ್ ಇನ್ ಜಪಾನ್’ ಆಯಿತು. ಲೈವ್ ಆಲ್ಬಮ್ ಬೇಕೆಂದು ಗಂಟುಬಿದ್ದದ್ದು ಜಪಾನಿನ ರೆಕಾರ್ಡ್ ಕಂಪನಿ. ಬ್ಯಾಂಡಿಗೆ ಆಸಕ್ತಿಯೇ ಇರಲಿಲ್ಲ. ಖರ್ಚು ಸುಮಾರು 3,000 ಡಾಲರ್. ಮಿಕ್ಸಿಂಗ್ ಮಾಡುವಾಗ ಐವರಲ್ಲಿ ಇಬ್ಬರು ಮಾತ್ರ ಬಂದು ಕೂತರು. ತಿದ್ದಲು ಯಾರಿಗೂ ಉಮೇದು ಇಲ್ಲದ್ದರಿಂದ ಅದು ಲೈವಾಗಿ ಉಳಿಯಿತು.

ಐರನ್ ಮೇಡನ್ 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿತ್ತು. ಮರುವರ್ಷದ ಜಗತ್ಪ್ರವಾಸವನ್ನು ಮುಂಬೈಯಿಂದ ಶುರುಮಾಡಿ, ಅದರ ಲೈವ್ ಆಲ್ಬಮ್ಮನ್ನು 2009ರಲ್ಲಿ ಬಿಟ್ಟಿತು. ಮೊದಲ ಹಾಡು ಮುಂಬೈಯದು, ಆಮೇಲೆ ಹಾಡಿಗೊಂದು ಊರು. ಮುಚ್ಚಿಟ್ಟಿಲ್ಲ, ಊರಿನ ಹೆಸರು ಬರೆದೇ ಕೊಟ್ಟಿದ್ದಾರೆ. ಆದರೂ ಕಣ್ಣು ಮುಚ್ಚಿ ಕೇಳುವವನಿಗೆ ಅದು ಒಂದೇ ಸಂಜೆ. ಮುಂಬೈಯವನ ಶಿಳ್ಳೆ ಮುಗಿಯುವ ಮೊದಲೇ ಇನ್ನೊಂದು ಖಂಡದವನ ಕೂಗು ಶುರುವಾಗಿರುತ್ತದೆ. ಜನರ ಗದ್ದಲಕ್ಕೆ ಆಲ್ಬಮ್ಮಿನಲ್ಲಿ ಇರುವ ಮುಖ್ಯ ಉದ್ಯೋಗ ಇದೇ, ಹೊಲಿಗೆ ಕಾಣದ ಹಾಗೆ ಮುಚ್ಚುವುದು.

ಈ ಹೊಲಿಗೆ ಸಲೀಸಿನ ಕೆಲಸವಲ್ಲ ಎನ್ನುವುದನ್ನೂ ಒಪ್ಪಬೇಕು. ವೇದಿಕೆಯ ಪ್ರತಿ ಮೈಕಿನಿಂದ ಬರುವ ಶಬ್ದವನ್ನು ಎರಡಾಗಿ ಸೀಳಿ, ಒಂದನ್ನು ಜನರ ಕಡೆಯ ಸೌಂಡ್ ಬಾಕ್ಸಿಗೆ, ಇನ್ನೊಂದನ್ನು ರೆಕಾರ್ಡರಿಗೆ ಕೊಡುತ್ತಾರೆ. ಜನರ ಕಡೆ ಮುಖ ಮಾಡಿ ಬೇರೆಯೇ ಮೈಕು ನಿಲ್ಲಿಸುತ್ತಾರೆ. ಒಂದೊಂದು ವಾದ್ಯವೂ ಒಂದೊಂದು ಸಾಲಿನಲ್ಲಿ ದಾಖಲಾಗಬೇಕು. ಆದರೆ ಹಾಡುಗಾರನ ಮೈಕಿಗೆ ಹಿಂದಿನ ಡ್ರಮ್ಮು ನುಗ್ಗುತ್ತದೆ, ಡ್ರಮ್ಮಿನ ಮೈಕಿಗೆ ಗಿಟಾರು ನುಗ್ಗುತ್ತದೆ. ಅಪಸ್ವರವೊಂದನ್ನು ಅಳಿಸಿದರೆ ಅದರ ನೆರಳು ಪಕ್ಕದ ಮೈಕಿನಲ್ಲಿ ಉಳಿದಿರುತ್ತದೆ. ಅದಕ್ಕೇ ಒಂದನ್ನು ತಿದ್ದಲು ಕೂತವರು ಎಲ್ಲವನ್ನೂ ತಿದ್ದಿ ಏಳುತ್ತಾರೆ.

ಈಗ ಊರಿಗೆ ಬರೋಣ. ಬೆಂಗಳೂರಿನಲ್ಲಿ ರಾಕ್ ಬ್ಯಾಂಡುಗಳಿಗೇನೂ ಬರವಿಲ್ಲ. ಥರ್ಮಲ್ ಅಂಡ್ ಎ ಕ್ವಾರ್ಟರ್, ಸ್ವರಾತ್ಮ ದಶಕಗಳಿಂದ ನುಡಿಸುತ್ತಿವೆ. ರಘು ದೀಕ್ಷಿತ್ ತಮ್ಮ 2008ರ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ತತ್ವಪದಕ್ಕೆ ಗಿಟಾರು ತೊಡಿಸಿ ಲಂಡನ್ನಿನವರೆಗೆ ಕರೆದುಕೊಂಡು ಹೋದರು. ಇವರ ಹಿಂದೆ ಬಂದ ಯಾವುದೋ ಒಂದು ಬ್ಯಾಂಡಿಗೆ, ಇದು ನನ್ನ ಊಹೆಯ ಬ್ಯಾಂಡು, ಹೆಸರು ಹುಡುಕಬೇಡಿ, ಗ್ರಾಮೀಣ ಸೊಗಡಿನ ಲೈವ್ ಆಲ್ಬಮ್ ಬೇಕು ಅನ್ನಿಸಿತು ಎಂದುಕೊಳ್ಳಿ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಯಾರೋ ಡ್ರೋನಿನಲ್ಲಿ ತೆಗೆದ ವಿಡಿಯೋ ನೋಡಿ, ಕವರಿಗೆ ಇದೇ ಸರಿ ಎಂದು ಮ್ಯಾನೇಜರು ಕಾರು ಹತ್ತುತ್ತಾನೆ. ಆಲ್ಬಮ್ಮಿಗೆ ಮೊದಲು ಕವರು, ಆಮೇಲೆ ಹಾಡು. ಜಾತ್ರೆಯ ನಾಟಕ ಕಮಿಟಿಯ ಅಧ್ಯಕ್ಷರು ಅರಳೀಕಟ್ಟೆಯ ಮೇಲೆ ಸಿಗುತ್ತಾರೆ.

“ಯಜಮಾನ್ರೇ, ನಮ್ಮ ಹಾಡುಗಳನ್ನ ನಿಮ್ಮೂರಲ್ಲಿ ಲೈವಾಗಿ ರೆಕಾರ್ಡ್ ಮಾಡ್ಬೇಕು ಅಂತಿದೀವಿ.”

“ಮಾಡ್ಕಳಿ, ಅದ್ಕೇನಂತೆ. ಪಾತ್ರಕ್ಕೆ ಎಷ್ಟು ಕಟ್ತೀರಾ?”

“ಕಟ್ಟೋದಲ್ಲ ಸಾರ್, ಪೇಮೆಂಟು ನಮಗೆ ಬರ್ಬೇಕು. ಬ್ಯಾಂಡು ನಮ್ದು.”

“ಅದೆಂಗಾಯ್ತದಪ್ಪಾ? ಸ್ಟೇಜು ಹತ್ತೋನು ತಾನೇ ದುಡ್ಡು ಕಟ್ಟಾದು?”

ಯಜಮಾನರ ಅಚ್ಚರಿ ನ್ಯಾಯವಾದದ್ದು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಡೆ ‘ಕುರುಕ್ಷೇತ್ರ’ ನಾಟಕ ಎಂದರೆ ಪಾತ್ರಕ್ಕೊಂದು ದರ. ದುರ್ಯೋಧನ ದುಬಾರಿ. ಕೃಷ್ಣನಿಗೂ ಬೇಡಿಕೆ. ವಿದುರನಾಗಲು ಯಾರೂ ಮುಗಿಬೀಳುವುದಿಲ್ಲ. ಬುದ್ಧಿ ಹೇಳುವ ಪಾತ್ರಕ್ಕೆ ಎಲ್ಲ ಕಾಲದಲ್ಲೂ ರೇಟು ಕಮ್ಮಿ. ಕೃಷ್ಣನಾಗುತ್ತೇನೆ ಎಂದು ಮೂವರು ದುಡ್ಡು ಹಿಡಿದು ಬಂದರೆ ಯಾರಿಗೂ ಬೇಜಾರು ಮಾಡುವುದಿಲ್ಲ, ಒಂದನೇ ಕೃಷ್ಣ, ಎರಡನೇ ಕೃಷ್ಣ, ಮೂರನೇ ಕೃಷ್ಣ ಎಂದು ದೃಶ್ಯ ಹಂಚುತ್ತಾರೆ. ಡೀಪ್ ಪರ್ಪಲ್ ಮೂರು ರಾತ್ರಿಯನ್ನು ಜೋಡಿಸಿ ಒಂದು ಮಾಡಿತು. ಇಲ್ಲಿ ಒಂದೇ ರಾತ್ರಿಯಲ್ಲಿ ಮೂವರು ಪರಮಾತ್ಮರು, ಒಬ್ಬ ದಪ್ಪ, ಒಬ್ಬ ಸಣಕಲು, ಒಬ್ಬ ಪಂಚಾಯ್ತಿ ಮೆಂಬರು. ಹೊಲಿಗೆ ಎಲ್ಲರಿಗೂ ಕಾಣುತ್ತದೆ, ಯಾರಿಗೂ ಅದರಿಂದ ತೊಂದರೆಯಿಲ್ಲ.

ತಿದ್ದುವ ಕೆಲಸವೂ ಇಲ್ಲಿ ನಡೆಯುತ್ತದೆ, ಆದರೆ ಅಲ್ಲೇ, ಆಗಲೇ, ಎಲ್ಲರೆದುರಿಗೇ. ಮಾಡುವವರು ಹಾರ್ಮೋನಿಯಂ ಮೇಷ್ಟ್ರು. ಮೂರು ತಿಂಗಳು ರಾತ್ರಿ ಶಾಲೆ ನಡೆಸಿದಂತೆ ಹಾಡು ಕಲಿಸಿರುತ್ತಾರೆ. ಆದರೂ ಕಿರೀಟ ಏರಿದ ಕೂಡಲೇ ದುರ್ಯೋಧನ ಎತ್ತಿಕೊಳ್ಳುವ ಶ್ರುತಿ ಕಲಿಸಿದ್ದಲ್ಲ. ಮೇಷ್ಟ್ರು ಮುಖ ಕೂಡ ಎತ್ತುವುದಿಲ್ಲ, ಅವನು ಎಲ್ಲಿಗೆ ಹೋಗಿ ಬಿದ್ದನೋ ಬೆರಳು ಅಲ್ಲಿಗೆ ಸರಿಯುತ್ತದೆ. ಅಮೆರಿಕದಲ್ಲಿ 1997ರಲ್ಲಿ ಬಂದ ಆಟೋಟ್ಯೂನ್ ಹಾಡುಗಾರನ ಗಂಟಲನ್ನು ಹಿಡಿದು ಸ್ವರಕ್ಕೆ ತರುತ್ತದೆ. ನಮ್ಮ ಮೇಷ್ಟ್ರು ಹಾಡುಗಾರನನ್ನು ಮುಟ್ಟುವುದಿಲ್ಲ, ಇಡೀ ಸಂಗೀತವನ್ನೇ ಅವನಿರುವ ಜಾಗಕ್ಕೆ ಎತ್ತಿಕೊಂಡು ಹೋಗುತ್ತಾರೆ. ಪಾತ್ರಕ್ಕೆ ದುಡ್ಡು ಕಟ್ಟಿದವನು ಅವನೇ ಅಲ್ಲವೇ.

ಜನರ ಕಡೆ ತಿರುಗಿಸಿಟ್ಟ ಮೈಕಿನಲ್ಲಿ ಏನು ಸಿಗುತ್ತದೆ ಎನ್ನುವುದನ್ನೂ ಮ್ಯಾನೇಜರು ಮೊದಲೇ ತಿಳಿದಿರುವುದು ಒಳ್ಳೆಯದು. ಶಿಳ್ಳೆ ಸಿಗುತ್ತದೆ. ಕಡ್ಲೆಕಾಯಿ ಸುಲಿಯುವ ಸದ್ದು ಸಿಗುತ್ತದೆ. ಕೆಎ 64ರ ಬಂಡಿಯೊಂದು ಟ್ರ್ಯಾಕ್ಟರಿಗೆ ಅಡ್ಡ ನಿಂತಿದೆ, ಕೂಡಲೇ ತೆಗೆಯಬೇಕಾಗಿ ವಿನಂತಿ ಎಂಬುದು ಸಿಗುತ್ತದೆ. ಗಿಟಾರಿನವನು ಕಣ್ಣು ಮುಚ್ಚಿ, ತಂತಿ ಹಿಂಡಿ, ಸ್ವರ ಮುಗಿಲಿಗೆ ಏರಿಸುವ ಗಳಿಗೆಗೆ ಸರಿಯಾಗಿ, ಕಲಾಭಿಮಾನಿಯೊಬ್ಬರು 501 ರೂಪಾಯಿ ಬಹುಮಾನ ಕೊಟ್ಟಿದ್ದಾರೆ ಎಂಬ ಘೋಷಣೆ ಅದೇ ಮೈಕಿನಲ್ಲಿ ಬರುತ್ತದೆ. ಕಲಾಭಿಮಾನಿ ತಾವೇ ಸ್ಟೇಜು ಹತ್ತಿ, ನೋಟನ್ನು ಗಿಟಾರಿನವನ ಎದೆಗೆ ಪಿನ್ನು ಚುಚ್ಚಿ, ಫೋಟೋಗೆ ನಿಲ್ಲುತ್ತಾರೆ. ಅಲ್ಲಿಯವರೆಗೆ ಮುಗಿಲಿಗೇರಿದ ಸ್ವರ ಮುಗಿಲಲ್ಲೇ ಕಾಯಬೇಕು. ಇದನ್ನು ಯಾವ ಸಾಲಿನಿಂದ ಅಳಿಸುತ್ತೀರಿ? ಎಲ್ಲ ಮೈಕಿಗೂ ನುಗ್ಗಿರುತ್ತದೆ.

ಮಧುಗಿರಿ ಬೇಡ ಎಂದು ಸಿರಾಕ್ಕೆ ಹೋದರೆ ಹೆದ್ದಾರಿ 48 ಇದೆ. ಲಾರಿಗಳ ಏರ್ ಹಾರನ್ನು ಬೇಸ್ ಗಿಟಾರಿಗಿಂತ ಚೆನ್ನಾಗಿ ದಾಖಲಾಗುತ್ತದೆ, ಕಾಸೂ ಕೇಳುವುದಿಲ್ಲ. ಆ ಸೀಮೆಯ ಕಾಡುಗೊಲ್ಲರ ಗಣೆ ನುಡಿಸುವವರು ಇನ್ನೊಂದು ಪೇಚು. ಗಣೆ ಎಂದರೆ ಉದ್ದನೆಯ ಬಿದಿರ ಕೊಳಲು. ಅದನ್ನು ಊದುತ್ತ ತಮ್ಮ ದೈವ ಜುಂಜಪ್ಪನ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ. ಬ್ಯಾಂಡಿನವರು ಇಂಥವರನ್ನು ಕಂಡರೆ ಬಿಡುವುದಿಲ್ಲ, ಎರಡನೇ ಹಾಡಿನ ಮಧ್ಯೆ ನಲವತ್ತು ಸೆಕೆಂಡು ಊದಿ ಎಂದು ಕೇಳುತ್ತಾರೆ. ಜುಂಜಪ್ಪ ನಲವತ್ತು ಸೆಕೆಂಡಿಗೆ ಇನ್ನೂ ಹುಟ್ಟಿರುವುದಿಲ್ಲ.

ಪಾವಗಡದಲ್ಲಿ ಕರೆಂಟಿನ ಚಿಂತೆ ಇರಬಾರದು. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಗಾಜಿನ ಹಲಗೆ ಹಾಸಿ 2,050 ಮೆಗಾವಾಟಿನ ಸೋಲಾರ್ ಪಾರ್ಕು ಮಾಡಿದ್ದಾರೆ. ಲೋಕದ ಯಾವ ರಾಕ್ ಬ್ಯಾಂಡಿನ ಆಂಪ್ಲಿಫೈಯರೂ ಅದನ್ನು ಕುಡಿದು ಮುಗಿಸಲಾರದು. ತೊಡಕು ಒಂದೇ, ಸೂರ್ಯ ಆರೂವರೆಗೆ ಮುಳುಗುತ್ತಾನೆ, ಪಾವಗಡದ ಜನ ಉಂಡು ಬಂದು ಕೂರುವುದು ಒಂಬತ್ತೂವರೆಗೆ. ಜನರೇಟರು ತರಲೇಬೇಕು. ಮೂರು ಕಡೆ ಆಂಧ್ರ ಸುತ್ತಿಕೊಂಡ ತಾಲ್ಲೂಕು, ಬ್ಯಾಂಡಿನ ತತ್ವಪದದ ರಾಕು ಮೂರನೇ ಹಾಡಿಗೆ ಬರುವಷ್ಟರಲ್ಲಿ ಹಿಂದಿನ ಸಾಲಿನಿಂದ ತೆಲುಗು ಸಿನಿಮಾ ಹಾಡಿಗೆ ಚೀಟಿ ಬರುತ್ತದೆ. ಹಾಡದಿದ್ದರೆ ಏನಾಗುತ್ತದೆ ಎಂಬುದನ್ನು ಆರ್ಕೆಸ್ಟ್ರಾದವರನ್ನು ಕೇಳಿ. ಅಷ್ಟಾಗಿಯೂ ಆಲ್ಬಮ್ಮು ಕೈಕೊಟ್ಟರೆ ಶನೈಶ್ಚರ ಸ್ವಾಮಿಯ ಗುಡಿ ಊರಲ್ಲೇ ಇದೆ.

ಕೊರಟಗೆರೆಯಲ್ಲಿ ಪರವಾನಗಿಯ ಮಾತು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ‘ಕುರುಕ್ಷೇತ್ರ’ದಲ್ಲಿ ಹತ್ತು ಗಂಟೆಗೆ ಇನ್ನೂ ಗಣ್ಯರಿಗೆ ಶಾಲು ಹೊದಿಸುತ್ತಿರುತ್ತಾರೆ. ಕಾನೂನು ಪಾಲಿಸಿದರೆ ಲೈವ್ ಆಲ್ಬಮ್ಮಿನಲ್ಲಿ ಸ್ವಾಗತ ಭಾಷಣ, ಹಾರ, ಶಾಲು, ಒಂದು ಪ್ರಾರ್ಥನೆ, ಇಷ್ಟು ಸಿಗುತ್ತದೆ. ನಾಟಕದವರು ಹೇಗೆ ಬೆಳಗಿನವರೆಗೆ ಆಡುತ್ತಾರೆ ಎಂದು ಮಾತ್ರ ಕೇಳಬೇಡಿ. ಆ ಶಾಲುಗಳಲ್ಲಿ ಒಂದು ಯಾರಿಗೆ ಹೋಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು.

ಇಷ್ಟು ಹೇಳಿ, ನಮ್ಮೂರಿನದೆಲ್ಲ ಅಪ್ಪಟ, ಅವರದೆಲ್ಲ ನಕಲಿ ಎಂದು ಮೀಸೆ ತಿರುವುವ ಕಾಲವೂ ದಾಟಿಹೋಗಿದೆ. ಹಿಂದೆ ಗುಬ್ಬಿ ನಾಟಕ ಕಂಪನಿ ‘ಕುರುಕ್ಷೇತ್ರ’ ಆಡಿದಾಗ ರಂಗದ ಮೇಲೆ ನಿಜವಾದ ಆನೆ, ಕುದುರೆ ಬಂದಿದ್ದವು. ಅದೇ ತುಮಕೂರು ಜಿಲ್ಲೆಯ ರಸಮಂಜರಿ ಕಾರ್ಯಕ್ರಮಗಳಲ್ಲಿ ಈಗ ಪೆನ್‌ಡ್ರೈವಿನೊಳಗಿನ ಟ್ರ್ಯಾಕು ಹಾಡುತ್ತದೆ, ಕೀಬೋರ್ಡಿನವನು ಒಂದು ಗುಂಡಿ ಒತ್ತಿ ಆಮೇಲೆ ಗಾಳಿಯಲ್ಲಿ ಕೈ ಆಡಿಸುತ್ತಾನೆ. ನಾಟಕವನ್ನು ಯೂಟ್ಯೂಬಿಗೆ ಹಾಕುವ ಹುಡುಗ ಪ್ರತಿ ಪಾತ್ರಧಾರಿಗೂ ಅವನವನ ದೃಶ್ಯ ಮಾತ್ರ ಕತ್ತರಿಸಿ ಕೊಡುತ್ತಾನೆ. ದುರ್ಯೋಧನನ ಪೆನ್‌ಡ್ರೈವಿನಲ್ಲಿ ಭೀಮನೇ ಇರುವುದಿಲ್ಲ, ಯುದ್ಧವನ್ನು ಕೌರವರು ಗೆದ್ದಿರುತ್ತಾರೆ. ಇನ್ನು ಚಪ್ಪಾಳೆಯನ್ನು ಬೇರೆ ಕಡೆಯಿಂದ ತಂದು ಅಂಟಿಸುವ ವಿದ್ಯೆಯನ್ನು ನಮಗೆ ರೋಲಿಂಗ್ ಸ್ಟೋನ್ಸ್ ಕಲಿಸಬೇಕಿಲ್ಲ. ಚುನಾವಣೆ ಬಂದರೆ ತಾಲ್ಲೂಕಿಗೆ ಇಷ್ಟು ಬಸ್ಸು ಎಂದು ಲೆಕ್ಕ ಹಾಕಿ, ಬಿರಿಯಾನಿ ಪೊಟ್ಟಣದ ಸಮೇತ ಚಪ್ಪಾಳೆ ಸಾಗಿಸುವುದನ್ನು ನಾವು ಎಂದೋ ಕರಗತ ಮಾಡಿಕೊಂಡಿದ್ದೇವೆ. ಸ್ಟುಡಿಯೋದವರು ಬರೀ ಸದ್ದನ್ನು ತರುತ್ತಾರೆ. ನಾವು ಕೈಗಳನ್ನೇ ತರುತ್ತೇವೆ.

ಅರಳೀಕಟ್ಟೆಯ ಮಾತುಕತೆ ಇನ್ನೂ ನಡೆದಿದೆ. ಗಿಟಾರಿನವನಿಗೆ ಅರ್ಜುನನ ರೇಟು ಸಾಕು ಎಂದು ಮ್ಯಾನೇಜರು, ಅಷ್ಟು ಸದ್ದು ಮಾಡೋನು ದುರ್ಯೋಧನನೇ ಎಂದು ಯಜಮಾನರು.

“ಸಾರ್, ನಾವು ಹಾಡಿದ್ದು ಸರಿಯಾಗಿ ಬರ್ಲಿಲ್ಲ ಅಂದ್ರೆ ಬೆಂಗಳೂರಲ್ಲಿ ಸರಿ ಮಾಡ್ಕೋತೀವಿ. ಜನ ಕಮ್ಮಿ ಬಂದ್ರೂ ಪರವಾಗಿಲ್ಲ, ಚಪ್ಪಾಳೆ ಆಮೇಲೆ ಹಾಕ್ಕೊಳ್ಳೋಣ.”

“ಎಲ್ಲಾ ಅಲ್ಲೇ ಮಾಡ್ಕಳಂಗಿದ್ರೆ ಇಲ್ಲಿಗ್ಯಾಕೆ ಬಂದ್ರಪ್ಪಾ?”

“ಫೀಲ್ ಸಾರ್. ಲೈವ್ ಫೀಲ್.”

ಯಜಮಾನರು ಎಲೆಗೆ ಸುಣ್ಣ ಸವರಿ ಮಡಿಸಿ ಬಾಯಿಗಿಟ್ಟುಕೊಂಡರು. “ಸರಿ, ರಾತ್ರಿ ಎಂಟರಿಂದ ಹತ್ತರ ಗಂಟ ಸ್ಟೇಜು ನಿಮ್ದು. ಹತ್ತಕ್ಕೆ ನಮ್ದು ಪ್ರಾರ್ಥನೆ ಐತೆ, ಇಳಿದುಬಿಡಿ. ಸೌಂಡ್ ಬಾಕ್ಸ್ ಮಾತ್ರ ಬಿಟ್ಟೋಗಿ, ಗದಾಯುದ್ಧಕ್ಕೆ ಬೇಕಾಯ್ತದೆ.”